ಸೂಕ್ಷ್ಮದರ್ಶಕದ ಮಿತಿಯೂ ಗಣಿತದ ಸಾಕ್ಷಿಯೂ

ಪ್ರಯೋಗಾಲಯದಲ್ಲಿ ಈರುಳ್ಳಿಯ ತೆಳುಪೊರೆಯನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಜೀವಕೋಶಗಳನ್ನು ಕಂಡ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಇನ್ನೂ ಉತ್ತಮವಾದ ಮಸೂರಗಳನ್ನು ಜೋಡಿಸುತ್ತ ಹೋದರೆ ಕೊನೆಗೆ ಕೋಶದೊಳಗಿನ ಒಂದೊಂದು ಅಣುವೂ ಏಕೆ ಕಾಣಬಾರದು? ಜರ್ಮನಿಯ ಯೇನಾ ನಗರದಲ್ಲಿದ್ದ ಅರ್ನ್‌ಸ್ಟ್ ಆಬೆ ಎಂಬ ವಿಜ್ಞಾನಿ 1873ರಲ್ಲಿಯೇ ಇದಕ್ಕೆ ಉತ್ತರವನ್ನಿತ್ತರು. ಬೆಳಕು ತರಂಗರೂಪಿಯಾದುದರಿಂದ ಮಸೂರ ಎಷ್ಟೇ ನಿರ್ದುಷ್ಟವಾಗಿದ್ದರೂ ಒಂದು ಬಿಂದುವಿನ ಬಿಂಬ ಬಿಂದುವಾಗಿರದೆ ಮಸುಕಾದ ಬಿಲ್ಲೆಯಾಗಿರುತ್ತದೆ. ಬೆಳಕಿನ ತರಂಗದೂರವನ್ನು ಮಸೂರದ ಗ್ರಹಣಶಕ್ತಿಯನ್ನು ಸೂಚಿಸುವ ಸಂಖ್ಯೆಯ ಇಮ್ಮಡಿಯಿಂದ ಭಾಗಿಸಿದರೆ ಬರುವ ದೂರವೇ ಮಿತಿ. ಅದಕ್ಕಿಂತ ಸಮೀಪದ ಎರಡು ವಿವರಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಹಸಿರು ಬೆಳಕಿಗೆ 500 ನ್ಯಾನೋಮೀಟರ್, ಮಸೂರಕ್ಕೆ 1.4 ಎಂದಿಟ್ಟುಕೊಂಡರೆ ಮಿತಿ ಸುಮಾರು 180 ನ್ಯಾನೋಮೀಟರ್. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಕೋಶದಲ್ಲಿ ಪ್ರೋಟೀನನ್ನು ಕಟ್ಟುವ ರೈಬೋಸೋಮಿನ ಗಾತ್ರವಾದರೋ ಸುಮಾರು 25 ನ್ಯಾನೋಮೀಟರ್ ಮಾತ್ರ.

ಮಸುಕಾದ ಚಿತ್ರವನ್ನು ಗಣಿತದಿಂದ ಹಿಂದಕ್ಕೆ ತಿರುಗಿಸಿ ಮೂಲರೂಪವನ್ನು ಪಡೆಯಲಾಗದೆ? ಈ ಪ್ರಶ್ನೆ ಕಾಣುವಷ್ಟು ಸರಳವಲ್ಲ. ಅದರ ತೊಡಕನ್ನು ತಿಳಿಯಲು ಕೂಡು ಕಳೆಯುವ ಲೆಕ್ಕವೇ ಸಾಕು. ಸಾಲಾಗಿ ಇಟ್ಟ ದೀಪಗಳ ಪ್ರಭೆ 6, 4, 6, 4 ಎಂದು ಒಂದರ ನಂತರ ಒಂದರಂತೆ ದೀರ್ಘವಾಗಿ ಸಾಗಿದೆಯೆನ್ನೋಣ. ಪ್ರತಿ ಸ್ಥಾನದ ಪ್ರಭೆಯ ಇಮ್ಮಡಿಗೆ ಎಡ ಬಲಗಳ ಪ್ರಭೆಯನ್ನು ಕೂಡಿಸಿ ನಾಲ್ಕರಿಂದ ಭಾಗಿಸುವುದೇ ಮಸುಕುಗೊಳಿಸುವ ಕ್ರಮವೆಂದು ಭಾವಿಸಿ. 6ರ ಸ್ಥಾನದಲ್ಲಿ 4, 12, 4 ಕೂಡಿ 20 ಆಗಿ, ಭಾಗಿಸಿದಾಗ 5 ಬರುತ್ತದೆ. 4ರ ಸ್ಥಾನದಲ್ಲಿ 6, 8, 6 ಕೂಡಿ ಮತ್ತೆ 5. ನೋಡುವವನಿಗೆ ಕಾಣುವುದು 5, 5, 5, 5. ಮೂಲದಲ್ಲಿ 10, 0, 10, 0 ಇದ್ದರೂ ಕಾಣುವುದು ಅದೇ. ಏರಿಳಿತವೇ ಇಲ್ಲದೆ ಎಲ್ಲವೂ 5 ಆಗಿದ್ದರೂ ಅದೇ. ಒಂದೇ ಬಿಂಬಕ್ಕೆ ಅಸಂಖ್ಯ ಮೂಲಗಳು! ಹೀಗಿರುವಾಗ ಯಾರಾದರೂ ಮಸುಕು ಚಿತ್ರವನ್ನು ತಿದ್ದಿ ಅಂದವಾದ ಗೆರೆಗಳನ್ನು ತೋರಿಸಿದರೆ, ಆ ಗೆರೆಗಳು ಕೋಶದಲ್ಲಿದ್ದವೇ ಅಥವಾ ಲೆಕ್ಕದಲ್ಲಿ ಹುಟ್ಟಿದವೇ ಎಂದು ಕೇಳಲೇಬೇಕು. ಈ ಕ್ಷೇತ್ರದಲ್ಲಿ ಗಣಿತದ ಪಿಎಚ್.ಡಿ. ಪದವಿಗಾಗಿ ದುಡಿಯುವವರ ಶ್ರಮವೆಲ್ಲ ಬಹುಮಟ್ಟಿಗೆ ಈ ಒಂದು ಕೇಳ್ವಿಯ ಸುತ್ತಲೇ ಇದೆ.

ಆದರೆ ಎಲ್ಲ ದಾರಿಗಳೂ ಮುಚ್ಚಿಲ್ಲ. ಈಗ ಕತ್ತಲೆಯಲ್ಲಿ ಒಂದೇ ದೀಪವಿದೆಯೆನ್ನಿ: 0, 0, 0, 8, 0, 0, 0. ಮಸುಕಾದ ಮೇಲೆ ಇದು 0, 0, 2, 4, 2, 0, 0 ಆಗುತ್ತದೆ. ಮೂಲಕ್ಕೆ ಮೇಲಿನಂತಹ ಏರಿಳಿತವನ್ನು ಗುಟ್ಟಾಗಿ ಬೆರೆಸಲು ಹೋದರೆ ಕತ್ತಲೆಯ ಸ್ಥಾನದಲ್ಲಿ ಋಣಸಂಖ್ಯೆ ಬಂದು ಕೂರುತ್ತದೆ, ಬೆಳಕಿಗೆ ಋಣಪ್ರಮಾಣವೆಂಬುದಿಲ್ಲ. ಆದ್ದರಿಂದ ಸುಳ್ಳು ಸಿಕ್ಕಿಬೀಳುತ್ತದೆ. ದೀಪಗಳು ವಿರಳವಾಗಿವೆ, ನಡುವೆ ಕತ್ತಲೆಯಿದೆ ಎಂಬಷ್ಟು ಮುನ್ನರಿವಿದ್ದರೆ ಕಳೆದುಹೋದ ವಿವರವನ್ನು ಮರಳಿ ಪಡೆಯಬಹುದು ಎಂಬುದು ಇಲ್ಲಿಯ ತಿರುಳು.

ಈ ತಿರುಳಿಗೆ ಖಚಿತವಾದ ಪ್ರಮೇಯದ ರೂಪವನ್ನು ಕೊಟ್ಟವರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಮ್ಯಾನುಯೆಲ್ ಕ್ಯಾಂಡೆಸ್ ಮತ್ತು ಆಗ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್‌ಗಾಗಿ ಅಧ್ಯಯನ ಮಾಡುತ್ತಿದ್ದ ಕಾರ್ಲೋಸ್ ಫರ್ನಾಂಡೆಜ್-ಗ್ರಾಂಡಾ ಪ್ರಮುಖರು. ಬಿಂಬಕ್ಕೆ ಹೊಂದುವ ಎಲ್ಲ ಮೂಲಗಳಲ್ಲಿ ಒಟ್ಟು ಪ್ರಮಾಣ ಅತ್ಯಲ್ಪವಾದುದನ್ನೇ ಆರಿಸಿದರೆ, ಬಿಂದುಗಳ ನಡುವೆ ಆಬೆಯವರ ಮಿತಿಯ ಇಮ್ಮಡಿಯಷ್ಟು ಅಂತರವಿದ್ದಾಗ ಸಿಕ್ಕುವ ಉತ್ತರ ನಿಜವಾದ ಉತ್ತರವೇ ಎಂದು 2014ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಸಾಧಿಸಿ ತೋರಿಸಿದರು. ಅವರ ಸಾಧನೆಯ ಬಗೆ ಸೊಗಸಾದದ್ದು. ಸೂಕ್ಷ್ಮದರ್ಶಕ ಒಳಬಿಡುವ ನಿಧಾನ ಅಲೆಗಳಿಂದ ಮಾತ್ರವೇ ಒಂದು ವಕ್ರರೇಖೆಯನ್ನು ರಚಿಸಬೇಕು. ಅದು ಧನಬಿಂದುವಿನಲ್ಲಿ ಸರಿಯಾಗಿ 1ನ್ನೂ ಋಣಬಿಂದುವಿನಲ್ಲಿ ಸರಿಯಾಗಿ –1ನ್ನೂ ಮುಟ್ಟಬೇಕು, ಬೇರೆಲ್ಲಿಯೂ ಆ ಎಲ್ಲೆಗಳನ್ನು ಮುಟ್ಟಕೂಡದು. ಅಂಥ ರೇಖೆ ದೊರೆತರೆ ಆ ಉತ್ತರಕ್ಕೆ ಪ್ರತಿಸ್ಪರ್ಧಿಯಿಲ್ಲವೆಂದು ಅದೇ ಸಾಕ್ಷಿ ನುಡಿಯುತ್ತದೆ. ನಿಧಾನ ಅಲೆಗಳು ಥಟ್ಟನೆ ಏರಿ ಥಟ್ಟನೆ ಇಳಿಯಲಾರವಾದ್ದರಿಂದಲೇ ಬಿಂದುಗಳ ನಡುವೆ ಅಂತರ ಬೇಕಾಗುತ್ತದೆ. ಬೆಳಕಿನಂತೆ ಎಲ್ಲವೂ ಧನಸಂಖ್ಯೆಗಳೇ ಆದರೆ ನಿಯಮ ಸಡಿಲವಾಗುವುದು ನಿಜ. ಆದರೂ ಬಿಂದುಗಳು ಸಮೀಪಿಸಿದಷ್ಟೂ ಅಳತೆಯ ಸಣ್ಣ ತಪ್ಪೂ ಉತ್ತರದಲ್ಲಿ ಬೃಹದಾಕಾರ ತಾಳುತ್ತದೆ. ನೂರರಲ್ಲೊಂದು ಪಾಲಿಗೆ ಕ್ಷೀಣಿಸಿದ ವಿವರವನ್ನು ನೂರುಪಟ್ಟು ಹಿಗ್ಗಿಸಿದರೆ ಅದರೊಡನೆ ತಪ್ಪೂ ನೂರುಪಟ್ಟು ಹಿಗ್ಗುತ್ತದೆ.

ಮಿತಿಯ ಇಮ್ಮಡಿ ಅಂತರ ಬೇಕೆಂದ ಮೇಲೆ ಮಿತಿಯನ್ನು ದಾಟಿದಂತಾಯಿತೇ ಎಂದು ಜಾಣ ವಿದ್ಯಾರ್ಥಿ ಕೇಳದಿರನು. ದೂರವಿರುವ ಬಿಂದುಗಳ ಸ್ಥಾನವನ್ನು ಮಿತಿಗಿಂತ ಎಷ್ಟೋ ಪಟ್ಟು ನಿಖರವಾಗಿ ಹೇಳಬಹುದೆಂಬುದೇ ಇಲ್ಲಿಯ ಲಾಭ. ಒತ್ತೊತ್ತಾಗಿರುವ ಅಣುಗಳನ್ನು ದೂರ ಸರಿಸುವ ಉಪಾಯವನ್ನು ಭೌತವಿಜ್ಞಾನಿಗಳು ಕಾಲದಲ್ಲಿ ಕಂಡುಕೊಂಡರು. ಕಾರ್ತಿಕದ ದೀಪೋತ್ಸವದ ಸಾಲುದೀಪಗಳು ದೂರದ ಗುಡ್ಡದಿಂದ ಒಂದೇ ಬೆಳಕಿನ ಪಟ್ಟಿಯಾಗಿ ಕಾಣುತ್ತವೆ. ಒಮ್ಮೆಗೆ ಕೆಲವನ್ನೇ ಅಲ್ಲಲ್ಲಿ ಹೊತ್ತಿಸಿ ಆರಿಸುತ್ತ ಹೋದರೆ ಪ್ರತಿಯೊಂದರ ನೆಲೆಯನ್ನೂ ಗುರುತು ಹಾಕಬಹುದು. ಎರಿಕ್ ಬೆಟ್ಸಿಗ್ ಮತ್ತು ಹೆರಾಲ್ಡ್ ಹೆಸ್ ಇಂಥ ಉಪಕರಣವನ್ನು ಮೊದಲಿಗೆ ಕಟ್ಟಿದ್ದು ಯಾವ ಭವ್ಯ ಪ್ರಯೋಗಶಾಲೆಯಲ್ಲಿಯೂ ಅಲ್ಲ, ಕ್ಯಾಲಿಫೋರ್ನಿಯದ ಲಾ ಹೋಯಾದಲ್ಲಿ ಹೆಸ್ ಅವರ ಮನೆಯ ಹಜಾರದಲ್ಲಿ! 2006ರಲ್ಲಿ ಅವರ ತಂಡವೂ ಬೇರೆ ಎರಡು ತಂಡಗಳೂ ಈ ವಿಧಾನವನ್ನು ಪ್ರಕಟಿಸಿದವು. 2014ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಸ್ಟೆಫಾನ್ ಹೆಲ್ ಮತ್ತು ವಿಲಿಯಂ ಮೋರ್ನರ್ ಅವರೊಂದಿಗೆ ಬೆಟ್ಸಿಗ್ ಪಾಲುದಾರರಾದರು. ಒಂಟಿ ಅಣುವಿನ ಸ್ಥಾನವನ್ನು ಕಾಣುವ ಲೆಕ್ಕ ಸರಾಸರಿಯದೇ. ಮಸುಕಿನ ಹರವು 100 ನ್ಯಾನೋಮೀಟರ್ ಆಗಿದ್ದು 400 ಫೋಟಾನುಗಳು ದೊರೆತರೆ, 400ರ ವರ್ಗಮೂಲವಾದ 20ರಿಂದ ಭಾಗಿಸಿ, ಅನಿಶ್ಚಿತತೆ ಸುಮಾರು 5 ನ್ಯಾನೋಮೀಟರಿಗೆ ಇಳಿಯುತ್ತದೆ.

ಈ ವಿಧಾನದಿಂದ ಕಂಡ ಒಂದು ಸಂಗತಿ ನಮ್ಮ 6, 4, 6, 4ರ ಲೆಕ್ಕವನ್ನೇ ನೆನಪಿಸುತ್ತದೆ. ನರಕೋಶದ ಉದ್ದನೆಯ ತಂತುವಿನಲ್ಲಿ ಆಕ್ಟಿನ್ ಎಂಬ ಪ್ರೋಟೀನು ಸಾಧಾರಣ ಸೂಕ್ಷ್ಮದರ್ಶಕಕ್ಕೆ ಒಂದೇ ಸಮನೆ ಹರಡಿದಂತೆ ತೋರುತ್ತಿತ್ತು. ಅದು 180ರಿಂದ 190 ನ್ಯಾನೋಮೀಟರಿಗೊಂದರಂತೆ ಬಳೆಗಳ ಸಾಲಾಗಿದೆಯೆಂದು 2013ರಲ್ಲಿ ಹಾರ್ವರ್ಡಿನ ಷಾವೆಯ್ ಜುವಾಂಗ್ ಅವರ ತಂಡ ತೋರಿಸಿತು.

ಇಷ್ಟಾದರೂ ಒಂದು ಚಿತ್ರಕ್ಕೆ ಸಾವಿರಾರು ಪಟಗಳು ಬೇಕು. ಜೀವಂತ ಕೋಶ ಅಷ್ಟು ಹೊತ್ತು ಅಲುಗಾಡದೆ ಕಾಯುವುದಿಲ್ಲ. ಪಟಗಳನ್ನು ಕಡಮೆ ಮಾಡಲು ಒಮ್ಮೆಗೇ ಹೆಚ್ಚು ದೀಪಗಳನ್ನು ಹೊತ್ತಿಸಿದರೆ ಅಂತರ ಕುಗ್ಗಿ ಸಾಕ್ಷಿ ದುರ್ಬಲವಾಗುತ್ತದೆ. ಹಳೆಯ ಚಿತ್ರಗಳಿಂದ ಪಾಠ ಕಲಿತ ಗಣಕಯಂತ್ರದ ನರಜಾಲಗಳು ಇತ್ತೀಚಿನ ವರ್ಷಗಳಲ್ಲಿ ಈ ಕೊರತೆಯನ್ನು ತುಂಬುತ್ತಿವೆ. ಅವು ಕೊಡುವ ಚಿತ್ರಗಳು ಮನೋಹರವಾಗಿವೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಳತೆ ಮೌನವಾಗಿರುವೆಡೆ ಅವು ನೆನಪಿನಿಂದ ಬರೆಯುತ್ತವೆ: ಆರೋಗ್ಯವಂತ ಕೋಶಗಳ ಬಳೆಗಳನ್ನೇ ಕಂಡು ಕಲಿತ ಯಂತ್ರ, ರೋಗದಿಂದ ಬಳೆಗಳು ಚೆದುರಿದ ತಂತುವಿನ ಮಸುಕು ಬಿಂಬವನ್ನು ಕೊಟ್ಟಾಗಲೂ ಅಲ್ಲಿ ಅಚ್ಚುಕಟ್ಟಾದ ಬಳೆಗಳನ್ನು ಬರೆದುಬಿಡಬಹುದು. ವೈದ್ಯನಿಗೆ ಬೇಕಾದದ್ದು ಅಲ್ಲಿಯೇ ಮರೆಯಾಗುತ್ತದೆ. ಮೇಲೆ ಹೇಳಿದ ವಕ್ರರೇಖೆಯಂತಹ ಸಾಕ್ಷಿ ಈ ಜಾಲಗಳಿಗೆ ಸಾಮಾನ್ಯವಾಗಿ ಲಭ್ಯವಿಲ್ಲ. ಚಿತ್ರದ ಪ್ರತಿಯೊಂದು ವಿವರದ ಪಕ್ಕದಲ್ಲಿ ಅದೆಷ್ಟು ನಂಬಲರ್ಹವೆಂಬ ಅಂಕಿಯನ್ನೂ ನಮೂದಿಸುವುದು ಹೇಗೆಂಬ ಪ್ರಶ್ನೆಯನ್ನು ಹಿಡಿದು ಈಗ ತರುಣ ಗಣಿತಜ್ಞರು ಮಹಾಪ್ರಬಂಧಗಳನ್ನು ಬರೆಯುತ್ತಿದ್ದಾರೆ.