ಬೀರುವಿನ ಕ್ಯಾಮೆರಾ, ಮಕ್ಕಳ ಕೈಯ ಕ್ಯಾಮೆರಾ: ಕಡಿಮೆ ಹಣದಲ್ಲಿ ಆಯ್ಕೆ ಮತ್ತು ನಿರ್ವಹಣೆಯ ಎರಡು ಪಾಠಗಳು

ಪೀಠಿಕೆ

ಪ್ರೌಢಶಾಲೆಗೆ ಕ್ಯಾಮೆರಾ ಕೊಳ್ಳುವ ಅವಕಾಶ ಪದೇ ಪದೇ ಬರುವುದಿಲ್ಲ. ಹಳೆಯ ವಿದ್ಯಾರ್ಥಿಗಳೋ ಊರಿನ ದಾನಿಗಳೋ ಒಂದಿಷ್ಟು ಹಣ ಕೊಟ್ಟಾಗ ವಿಜ್ಞಾನ ಸಂಘದ ಹೆಸರಿನಲ್ಲಿ ಒಂದು ಕ್ಯಾಮೆರಾ ಬರುತ್ತದೆ. ದಾಸ್ತಾನು ವಹಿಯಲ್ಲಿ ದಾಖಲಾಗುತ್ತದೆ. ಪ್ರತಿಭಾ ಕಾರಂಜಿಯ ದಿನ, ಗಣರಾಜ್ಯೋತ್ಸವದ ದಿನ ಹೊರಗೆ ಬರುತ್ತದೆ. ಉಳಿದ ದಿನಗಳಲ್ಲಿ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂರುತ್ತದೆ. ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಹೀಗೆ ಕೆಲವು ಮಳೆಗಾಲ ಕಳೆದರೆ ಮಸೂರದೊಳಗೆ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತದೆ. ಆಗ ಕ್ಯಾಮೆರಾ ಹಾಳಾಯಿತು ಎನ್ನುತ್ತೇವೆ. ಆದರೆ ಅದನ್ನು ಹಾಳು ಮಾಡಿದ್ದು ಬಳಕೆಯಲ್ಲ, ಬೀಗ.

ಬೋಧನಾಭ್ಯಾಸದ ಅವಧಿಯಲ್ಲಿ ಮಲೆನಾಡಿನ ಅಂಚಿನ ಒಂದು ಸರ್ಕಾರಿ ಪ್ರೌಢಶಾಲೆಯ 10ನೇ ತರಗತಿಗೆ ಈ ವಿಷಯದ ಮೇಲೆ ಎರಡು ಪಾಠಗಳನ್ನು ಮಾಡಿದೆ. ಶಾಲೆಯ ಕ್ಯಾಮೆರಾ ಬಹುಪಾಲು ಇಟ್ಟಲ್ಲಿಯೇ ಹಾಳಾಗುತ್ತದೆ, ಆದ್ದರಿಂದ ಕ್ಯಾಮೆರಾದ ಮೇಲೆ ಸ್ವಲ್ಪ ಕಡಿಮೆ ಖರ್ಚು ಮಾಡಿ ಉಳಿದ ಹಣವನ್ನು ಅದರ ಬಳಕೆಗೂ ರಕ್ಷಣೆಗೂ ಇಡಬೇಕು, ಆ ರಕ್ಷಣೆಯನ್ನು ಮಕ್ಕಳಿಗೇ ವಹಿಸಬೇಕು ಎಂಬುದು ಈ ಲೇಖನದ ವಾದ. ಬೇಕಾದ ವಿಜ್ಞಾನವೆಲ್ಲ ಬೆಳಕಿನ ಪ್ರತಿಫಲನ ಮತ್ತು ವಕ್ರೀಭವನದ ಘಟಕದಲ್ಲಿ ಹಾಗೂ ಹಿಂದಿನ ತರಗತಿಗಳ ಪಾಠಗಳಲ್ಲಿ ಇದ್ದೇ ಇದೆ.

ಕಲಿಕೆಯ ಉದ್ದೇಶಗಳು

1. ಪೀನ ಮಸೂರದ ಸಂಗಮ ದೂರ ಮತ್ತು ದ್ಯುತಿರಂಧ್ರದ ಸಂಬಂಧವನ್ನು ಕ್ಯಾಮೆರಾಗೆ ಅನ್ವಯಿಸುವುದು.
2. ಜಾಹೀರಾತಿನ ಸಂಖ್ಯೆಗಳನ್ನು ಅಗತ್ಯದೊಂದಿಗೆ ಹೋಲಿಸಿ ತೂಗುವುದು.
3. ತೇವಾಂಶ, ಸಾಂದ್ರೀಕರಣ ಮತ್ತು ಶಿಲೀಂಧ್ರದ ಬೆಳವಣಿಗೆಯ ತಿಳಿವಳಿಕೆಯಿಂದ ಉಪಕರಣವನ್ನು ಕಾಪಾಡುವುದು.

ಕೊಳ್ಳುವ ಮೊದಲು: ಬೇಕೇ?

ಶಿಕ್ಷಕರ ಕೈಯಲ್ಲಿ ಒಳ್ಳೆಯ ಮೊಬೈಲ್ ಇದ್ದರೆ ಎಲೆಯ ನಾಳಗಳು, ಪ್ರಯೋಗದ ಜೋಡಣೆ, ಮಕ್ಕಳ ಮಾದರಿಗಳ ಚಿತ್ರಗಳಿಗೆ ಅದೇ ಸಾಕು. ಮೊಬೈಲಿನ ಸಂವೇದಕ ಚಿಕ್ಕದಾದ್ದರಿಂದ ಹತ್ತಿರದ ವಸ್ತುವಿನ ಹೆಚ್ಚು ಆಳ ಸ್ಪಷ್ಟವಾಗಿ ಬರುತ್ತದೆ. ಅದು ಅನುಕೂಲವೇ. ಹಾಗಾದರೆ ಬೇರೆ ಕ್ಯಾಮೆರಾ ಏಕೆ? ದೂರದ ಹಕ್ಕಿ ಒಂದು ಕಾರಣ. ಮಂದ ಬೆಳಕಿನ ಕೋಣೆಯಲ್ಲಿ ಚಲಿಸುವ ವಸ್ತು ಎರಡನೆಯದು. ಎಲ್ಲಕ್ಕಿಂತ ಮುಖ್ಯವಾದದ್ದು, ಶಿಕ್ಷಕರ ಸ್ವಂತ ಮೊಬೈಲನ್ನು ಮಕ್ಕಳ ಕೈಗೆ ಕೊಡಲಾಗುವುದಿಲ್ಲ, ಶಾಲೆಯ ಕ್ಯಾಮೆರಾವನ್ನು ಕೊಡಬಹುದು. ಮಕ್ಕಳ ಕೈಗೆ ಕೊಡುವ ಉದ್ದೇಶವಿಲ್ಲದಿದ್ದರೆ ಹೊಸ ಖರ್ಚು ಬೇಡ. 300 ಗ್ರಾಂ ತೂಕವನ್ನೂ ತಾಳದ ಚಿಕ್ಕ ಸ್ಟ್ಯಾಂಡ್ ಆದರೂ ಮೊಬೈಲಿಗೆ ನಡೆಯುತ್ತದೆ. ಅದನ್ನು ಕೊಂಡು ನಿಲ್ಲಿಸಬಹುದು.

ಪಾಠ 1: ಹಣ ಯಾವುದಕ್ಕೆ? (40 ನಿಮಿಷ)

*ಹಂತ 1: ಪಿಕ್ಸೆಲ್ ಲೆಕ್ಕ.* ಕ್ಯಾಮೆರಾ ಎಂದೊಡನೆ ಮಕ್ಕಳು ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಎಂದು. ಉತ್ತರವನ್ನು ಅವರೇ ಲೆಕ್ಕ ಹಾಕಲಿ. ಪೂರ್ಣ ಎಚ್‌ಡಿ ಪ್ರೊಜೆಕ್ಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಗುಣಿಸಿದರೆ ಸುಮಾರು 20.7 ಲಕ್ಷ, ಅಂದರೆ 2 ಮೆಗಾಪಿಕ್ಸೆಲ್‌ನಷ್ಟು. ಎ4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಮುದ್ರಿಸಲು 3508 × 2480, ಅಂದರೆ ಸುಮಾರು 87 ಲಕ್ಷ ಚುಕ್ಕೆಗಳು ಸಾಕು. ನಮ್ಮ ಗೋಡೆ ಪತ್ರಿಕೆಗೂ ಸ್ಮಾರ್ಟ್ ತರಗತಿಗೂ 12 ಮೆಗಾಪಿಕ್ಸೆಲ್ ಧಾರಾಳ. ಹತ್ತು ವರ್ಷ ಹಳೆಯ ಕ್ಯಾಮೆರಾಗಳಲ್ಲೂ ಅಷ್ಟು ಇರುತ್ತದೆ. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು ಬರೀ 100 × 100 ಚುಕ್ಕೆಗಳು, ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ದಾಖಲಾಗಲು 23 ಸೆಕೆಂಡು ಬೇಕಿತ್ತು ಎಂದಾಗ ತರಗತಿ ಲೆಕ್ಕದತ್ತ ಇನ್ನಷ್ಟು ಗಮನ ಕೊಟ್ಟಿತು.

*ಹಂತ 2: ಸಂವೇದಕದ ವಿಸ್ತೀರ್ಣ.* ಚಿಕ್ಕ ಜೇಬಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಸಂವೇದಕದ ಅಳತೆ ಸುಮಾರು 6.2 × 4.6 ಮಿ.ಮೀ. ನಿಕಾನ್‌ನ ಆರಂಭಿಕ ಹಂತದ ಡಿಎಸ್‌ಎಲ್‌ಆರ್‌ಗಳಲ್ಲಿ ಅದು ಸುಮಾರು 23.5 × 15.6 ಮಿ.ಮೀ. ಗ್ರಾಫ್ ಹಾಳೆಯ ಮೇಲೆ ಎರಡನ್ನೂ ಬರೆಸಿ. ಎರಡನೆಯದು ಹದಿಮೂರು ಪಟ್ಟು ದೊಡ್ಡದು ಎಂದು ಮಕ್ಕಳೇ ಹೇಳುತ್ತಾರೆ. ಮಳೆನೀರು ಹಿಡಿಯಲು ಲೋಟ ಇಡುವುದಕ್ಕೂ ಪರಾತ ಇಡುವುದಕ್ಕೂ ಇರುವ ವ್ಯತ್ಯಾಸ ಇದು. ಬೆಳಕು ಕಡಿಮೆಯಿದ್ದಾಗ ದೊಡ್ಡ ಸಂವೇದಕದ ಚಿತ್ರ ಏಕೆ ಶುಭ್ರವಾಗಿರುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ.

*ಹಂತ 3: ದ್ಯುತಿರಂಧ್ರ.* ರಟ್ಟಿನ ಕೊಳವೆ, ಭೂತಗನ್ನಡಿ ಮತ್ತು ಟ್ರೇಸಿಂಗ್ ಹಾಳೆಯಿಂದ ಗುಂಪಿಗೊಂದು ಸರಳ ಕ್ಯಾಮೆರಾ ಮಾಡಿಸಿದೆ. ಕಿಟಕಿಯ ತಲೆಕೆಳಗಾದ ಸತ್ಯ ಪ್ರತಿಬಿಂಬ ಹಾಳೆಯ ಮೇಲೆ ಮೂಡಿತು. ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಏನಾಗುತ್ತದೆ ಎಂದು ಮುಚ್ಚುವ ಮೊದಲೇ ಕೇಳಿದೆ. ಅರ್ಧ ಕಿಟಕಿ ಮಾತ್ರ ಕಾಣುತ್ತದೆ ಎಂದರು ಹೆಚ್ಚಿನವರು. ಮುಚ್ಚಿ ನೋಡಿದರೆ ಕಿಟಕಿ ಪೂರ್ತಿಯಾಗಿಯೇ ಇತ್ತು, ಮಂಕಾಗಿತ್ತು ಅಷ್ಟೆ. ಇದು ಪಠ್ಯಪುಸ್ತಕದ ಅಭ್ಯಾಸದಲ್ಲೇ ಇರುವ ಪ್ರಶ್ನೆ. ಮಸೂರದ ಪ್ರತಿಯೊಂದು ಭಾಗವೂ ಇಡೀ ಪ್ರತಿಬಿಂಬಕ್ಕೆ ಬೆಳಕು ಕೊಡುತ್ತದೆ ಎಂಬ ಈ ಒಂದು ಅಂಶ ಮುಂದೆ ಆಯ್ಕೆಗೂ ನಿರ್ವಹಣೆಗೂ ಬಳಕೆಗೆ ಬಂತು.

ಎಫ್-ಸಂಖ್ಯೆ ಎಂದರೆ ಸಂಗಮ ದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವುದು. ಕ್ಯಾಮೆರಾ ಜೊತೆಗೆ ಬರುವ 18-55 ಮಸೂರವನ್ನು 50 ಮಿ.ಮೀ.ಗೆ ತಿರುಗಿಸಿದಾಗ ಎಫ್-ಸಂಖ್ಯೆ ಸುಮಾರು 5.6. ಆಗ ವ್ಯಾಸ 50 ÷ 5.6 = 8.9 ಮಿ.ಮೀ. ಅಗ್ಗದ ಮಸೂರಗಳಲ್ಲೊಂದಾದ 50 ಮಿ.ಮೀ. ಎಫ್/1.8ರಲ್ಲಿ ವ್ಯಾಸ 27.8 ಮಿ.ಮೀ. ಬೆಳಕು ವ್ಯಾಸದ ವರ್ಗಕ್ಕೆ ಅನುಗುಣವಾದ್ದರಿಂದ ಸುಮಾರು 9.7 ಪಟ್ಟು ಹೆಚ್ಚು. ಮೊದಲನೆಯದಕ್ಕೆ 1/10 ಸೆಕೆಂಡು ಬೇಕಾದಲ್ಲಿ ಎರಡನೆಯದಕ್ಕೆ ಸುಮಾರು 1/100 ಸೆಕೆಂಡು ಸಾಕು. ಕಬಡ್ಡಿ ಆಡುವ ಹುಡುಗಿಯ ಕೈ 1/10 ಸೆಕೆಂಡಿನಲ್ಲಿ ಕಲಸಿಹೋಗುತ್ತದೆ, 1/100ರಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ. ವಸ್ತುವೇ ಚಲಿಸದಿದ್ದರೆ? ಆಗ ಹೊಸ ಮಸೂರ ಬೇಡ, ಟ್ರೈಪಾಡ್ ಸಾಕು ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಳು. ಆ ಉತ್ತರದಿಂದ ಪಾಠದ ಉದ್ದೇಶ ಈಡೇರಿತು ಎಂದುಕೊಂಡೆ.

ಬಳಸಿದ ಕ್ಯಾಮೆರಾ ಕೊಳ್ಳುವಾಗ

ಕಡಿಮೆ ಹಣಕ್ಕೆ ಬಳಸಿದ ಡಿಎಸ್‌ಎಲ್‌ಆರ್ ಒಳ್ಳೆಯ ಆಯ್ಕೆ. ಅಂಗಡಿಯಲ್ಲೇ ಈ ಐದು ಪರೀಕ್ಷೆಗಳನ್ನು ಮಾಡಬೇಕು.

1. *ಟಾರ್ಚ್ ಪರೀಕ್ಷೆ.* ಮಸೂರವನ್ನು ಬಿಚ್ಚಿ, ದ್ಯುತಿರಂಧ್ರವನ್ನು ಪೂರ್ತಿ ತೆರೆದು ಒಂದು ಬದಿಯಿಂದ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಎಳೆ ಎಳೆಯಾದ ಬೂಷ್ಟು, ಮಂಜಿನಂಥ ಪೊರೆ ಕಂಡರೆ ಬಿಟ್ಟುಬಿಡಿ. ನಾಲ್ಕಾರು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ.
2. *ಬಿಳಿ ಗೋಡೆ ಪರೀಕ್ಷೆ.* ಎಫ್/16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆಗಳು ಸಂವೇದಕದ ಮೇಲಿನ ಧೂಳು. ಬ್ಲೋವರ್‌ಗೆ ಹೋಗದ ಕಲೆಯಿದ್ದರೆ ಸ್ವಚ್ಛಗೊಳಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.
3. *ಶಟರ್ ಎಣಿಕೆ.* ನಿಕಾನ್ ಕ್ಯಾಮೆರಾಗಳ ಚಿತ್ರದ ಕಡತದಲ್ಲೇ ಶಟರ್ ಎಷ್ಟು ಸಲ ತೆರೆದಿದೆ ಎಂಬ ಸಂಖ್ಯೆ ಅಡಗಿರುತ್ತದೆ. ಕಂಪ್ಯೂಟರಿನಲ್ಲಿ ಓದಬಹುದು. ಡಿ3500ರಂಥ ಕ್ಯಾಮೆರಾದ ಶಟರ್‌ಗೆ ಕಂಪನಿ ಹೇಳಿದ ಪರೀಕ್ಷಾ ಮಿತಿ 1 ಲಕ್ಷ.
4. *ಹೊಂದಾಣಿಕೆ.* ನಿಕಾನ್ ಡಿ3000 ಮತ್ತು ಡಿ5000 ಸರಣಿಗಳಲ್ಲಿ ಫೋಕಸ್ ಮೋಟಾರ್ ಕ್ಯಾಮೆರಾದೊಳಗೆ ಇಲ್ಲ. ಅಗ್ಗವಾಗಿ ಸಿಗುವ ಹಳೆಯ ಎಎಫ್-ಡಿ ಮಸೂರಗಳು ಅವುಗಳಲ್ಲಿ ಕೈಯಿಂದಲೇ ಫೋಕಸ್ ಮಾಡುವಂತಾಗುತ್ತದೆ. ಎಎಫ್-ಎಸ್ ಮಸೂರ ಕೇಳಿ.
5. *ಕಾಗದ.* ಕ್ಯಾಮೆರಾದ ತಳದಲ್ಲಿರುವ ಕ್ರಮಸಂಖ್ಯೆ ಬಿಲ್ಲಿನಲ್ಲೂ ಇರಬೇಕು. ದಾಸ್ತಾನು ವಹಿಗೆ ಇದು ಆಧಾರ. ಬ್ಯಾಟರಿ ಉಬ್ಬಿದ್ದರೆ ತೆಗೆದುಕೊಳ್ಳಬೇಡಿ.

ತರಗತಿಗೆ 20,000 ರೂ.ಗಳ ಒಂದು ಕಾಲ್ಪನಿಕ ಮೊತ್ತ ಕೊಟ್ಟು ಹಂಚಿಕೆ ಮಾಡಿಸಿದೆ. ಚರ್ಚೆಯ ನಂತರ ಬಂದ ಹಂಚಿಕೆ ಇದು: ಬಳಸಿದ ಕ್ಯಾಮೆರಾ ಮತ್ತು 18-55 ಮಸೂರ 13,000, ಟ್ರೈಪಾಡ್ 1,500, ಹೆಚ್ಚುವರಿ ಬ್ಯಾಟರಿ 1,200, ಎರಡು ಮೆಮೊರಿ ಕಾರ್ಡ್ 1,000, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಮತ್ತು ಹೈಗ್ರೋಮೀಟರ್ 1,000, ಬ್ಲೋವರ್ ಮತ್ತು ಮೈಕ್ರೋಫೈಬರ್ ಬಟ್ಟೆ 500, ಮೀಸಲು 1,800. ಇವು ಅಂಗಡಿಯ ಬೆಲೆಗಳಲ್ಲ, ಆಯಾ ಬಾಬಿಗೆ ಹಾಕಿಕೊಂಡ ಮಿತಿಗಳು. ಮೊದಲ ಸುತ್ತಿನಲ್ಲಿ ಎಲ್ಲ ಗುಂಪುಗಳೂ ಪೂರ್ತಿ ಹಣವನ್ನು ಕ್ಯಾಮೆರಾಗೇ ಇಟ್ಟಿದ್ದವು. "ಜುಲೈ ತಿಂಗಳಲ್ಲಿ ಇದನ್ನು ಎಲ್ಲಿ ಇಡುತ್ತೀರಿ?" ಎಂಬ ಒಂದೇ ಪ್ರಶ್ನೆ ಹಂಚಿಕೆಯನ್ನು ಬದಲಿಸಿತು.

ಪಾಠ 2: ಮಳೆಗಾಲದಲ್ಲಿ ಕಾಪಾಡುವುದು (40 ನಿಮಿಷ)

*ಪೂರ್ವ ಚಟುವಟಿಕೆ.* ಪಾಠಕ್ಕೆ ಐದು ದಿನ ಮೊದಲು ಎರಡು ಗಾಜಿನ ಬಾಟಲಿಗಳಲ್ಲಿ ಬ್ರೆಡ್ಡಿನ ತುಂಡು ಇಟ್ಟು ಮುಚ್ಚಿಸಿದೆ. ಒಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಇನ್ನೊಂದರಲ್ಲಿ ಇಲ್ಲ. ಪಾಠದ ದಿನ ಜೆಲ್ ಇಲ್ಲದ ಬಾಟಲಿಯ ಬ್ರೆಡ್ಡಿನಲ್ಲಿ ಬೂಷ್ಟು ಬಂದಿತ್ತು, ಇನ್ನೊಂದು ಒಣಗಿ ಗಟ್ಟಿಯಾಗಿತ್ತು. ಬಾಟಲಿಗಳನ್ನು ತೆರೆಯದೆ ಹೊರಗಿನಿಂದಲೇ ನೋಡಿಸಬೇಕು. ಮುಚ್ಚಿದ, ಕತ್ತಲಾದ, ತೇವದ ಬೀರು ಮೊದಲ ಬಾಟಲಿಯಂತೆ ಎಂದು ಮಕ್ಕಳೇ ಹೋಲಿಸಿದರು.

*ವಿವರಣೆ.* ಶೇ. 40ರಿಂದ 50ರ ಸಾಪೇಕ್ಷ ಆರ್ದ್ರತೆ ಕ್ಯಾಮೆರಾಗೆ ಹಿತ. ಶೇ. 60 ದಾಟಿದ ಜಾಗದಲ್ಲಿ ಇಡಬೇಡಿ ಎಂದು ನಿಕಾನ್ ಕೈಪಿಡಿಗಳು ಹೇಳುತ್ತವೆ. ತಿಂಗಳಿಗೊಮ್ಮೆಯಾದರೂ ಹೊರತೆಗೆದು, ಆನ್ ಮಾಡಿ, ಕೆಲವು ಸಲ ಶಟರ್ ಒತ್ತಿ ಇಡಿ ಎಂದೂ ಅವು ಸೂಚಿಸುತ್ತವೆ. ಅಂದರೆ ಬಳಸುವುದೂ ನಿರ್ವಹಣೆಯ ಒಂದು ಭಾಗ.

ಮಕ್ಕಳು ಬರೆದುಕೊಂಡ ನಿಯಮಗಳು:

- ಅಡುಗೆಮನೆಯ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಯೇ ಒಣ ಪೆಟ್ಟಿಗೆ. ಒಳಗೆ ಜೆಲ್ ಮತ್ತು ಹೈಗ್ರೋಮೀಟರ್ ಇರಲಿ.
- ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತೇವ ತುಂಬಿದೆ ಎಂದರ್ಥ. ಶಿಕ್ಷಕರು ಅದನ್ನು ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷಕಾರಿ. ಮಕ್ಕಳ ಕೈಗೆ ಬೇಡ.
- ಅಕ್ಕಿಯಲ್ಲಿ ಹುದುಗಿಸಬೇಡಿ, ಹಿಟ್ಟಿನ ಧೂಳು ಒಳಗೆ ಹೋಗುತ್ತದೆ. ನುಸಿಗುಳಿಗೆ, ಕರ್ಪೂರ ಡಬ್ಬಿಯೊಳಗೆ ಬೇಡ.
- ಚರ್ಮದ ಅಥವಾ ಬಟ್ಟೆಯ ಚೀಲದೊಳಗೇ ತಿಂಗಳುಗಟ್ಟಲೆ ಇಡಬೇಡಿ. ಚೀಲವೇ ತೇವ ಹಿಡಿದಿಡುತ್ತದೆ.
- ಎಸಿ ಇರುವ ಕಂಪ್ಯೂಟರ್ ಕೋಣೆಯಿಂದ ಹೊರಗೆ ತರುವಾಗ ಸ್ವಲ್ಪ ಹೊತ್ತು ಚೀಲದಲ್ಲೇ ಇರಲಿ. ತಣ್ಣಗಿನ ಗಾಜಿನ ಮೇಲೆ ಆವಿ ಸಾಂದ್ರೀಕರಿಸುವುದು ತಪ್ಪುತ್ತದೆ.
- ಬಹುದಿನ ಇಡುವಾಗ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್‌ನಲ್ಲಿ, ಹೊರತೆಗೆದು ಇಡಿ.

*ಒರೆಸುವ ಕ್ರಮ.* ಮೊದಲು ಬ್ಲೋವರ್, ನಂತರ ಮೃದು ಬ್ರಷ್, ಕೊನೆಗೆ ಬೇಕೆನಿಸಿದರೆ ಮಾತ್ರ ಬಟ್ಟೆ. ಅಂಗಿಯ ತುದಿಯಿಂದ ಒರೆಸಿದರೆ ಮರಳಿನ ಕಣವೇ ಉಳಿಯಾಗಿ ಲೇಪನವನ್ನು ಗೀರುತ್ತದೆ. ಮೊದಲ ಪಾಠದ ಕಪ್ಪು ಕಾಗದ ಇಲ್ಲಿ ಮತ್ತೆ ಕೆಲಸಕ್ಕೆ ಬಂತು. ಅರ್ಧ ಮಸೂರ ಮುಚ್ಚಿದರೂ ಕಿಟಕಿ ಪೂರ್ತಿ ಕಂಡಿತ್ತಲ್ಲ, ಹಾಗೆಯೇ ಮುಂದಿನ ಗಾಜಿನ ಮೇಲಿನ ಒಂದು ಕಣ ಚಿತ್ರದಲ್ಲಿ ಚುಕ್ಕೆಯಾಗಿ ಕಾಣುವುದಿಲ್ಲ. ಆದ್ದರಿಂದ ಪದೇ ಪದೇ ಒರೆಸುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಸಂವೇದಕದ ಮೇಲಿನ ಕಣವಾದರೋ ನೇರ ನೆರಳು ಬೀಳಿಸುತ್ತದೆ, ಹಾಗಾಗಿ ಮಸೂರ ಬದಲಿಸುವಾಗ ಕ್ಯಾಮೆರಾದ ಬಾಯಿ ಕೆಳಮುಖವಾಗಿರಬೇಕು. ಬೂಷ್ಟು ಮಾತ್ರ ಬೇರೆ ಜಾತಿಯ ಶತ್ರು. ಅದು ಬೆಳಕನ್ನು ಚದುರಿಸಿ ಇಡೀ ಚಿತ್ರವನ್ನು ಮಸುಕು ಮಾಡುತ್ತದೆ, ಕ್ರಮೇಣ ಲೇಪನವನ್ನೂ ತಿನ್ನುತ್ತದೆ.

ಹೊಣೆ ಯಾರದು?

ನಿಜವಾದ ತೊಡಕು ಇಲ್ಲಿದೆ. ಮಕ್ಕಳ ಕೈಯಲ್ಲಿ ಒಡೆದರೆ ಯಾರು ಕಟ್ಟಿಕೊಡಬೇಕು ಎಂಬ ಭಯದಿಂದಲೇ ಬೀಗ ಬೀಳುತ್ತದೆ. ಆ ಭಯ ಅಕಾರಣವಲ್ಲ, ಬರೀ ಉಪದೇಶದಿಂದ ಅದು ಹೋಗುವುದೂ ಇಲ್ಲ. ಕ್ಯಾಮೆರಾ ಬರುವ ಮೊದಲೇ ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿ ಸೇರಿ, ಮೇಲ್ವಿಚಾರಣೆಯಲ್ಲಿ ಬಳಸುವಾಗ ಆದ ಹಾನಿಯನ್ನು ಮೀಸಲು ಹಣದಿಂದ ಭರಿಸುವುದು ಎಂದು ನಡಾವಳಿಯಲ್ಲಿ ಬರೆದಿಟ್ಟರೆ ಶಿಕ್ಷಕರಿಗೆ ಧೈರ್ಯ ಬರುತ್ತದೆ. ಹಂಚಿಕೆಯಲ್ಲಿ 1,800 ರೂ. ಮೀಸಲಿಟ್ಟದ್ದು ಇದಕ್ಕಾಗಿ.

ವಾರಕ್ಕಿಬ್ಬರು ವಿದ್ಯಾರ್ಥಿಗಳು ಕ್ಯಾಮೆರಾದ ಹೊಣೆ ಹೊರಲಿ. 100 ಪುಟದ ಒಂದು ಪುಸ್ತಕದಲ್ಲಿ ಆರು ಕಾಲಂ ಇರಲಿ: ದಿನಾಂಕ, ಯಾರು ತೆಗೆದುಕೊಂಡರು, ಡಬ್ಬಿಯ ಆರ್ದ್ರತೆ, ಜೆಲ್‌ನ ಬಣ್ಣ, ಬ್ಯಾಟರಿ, ಚಿತ್ರಗಳನ್ನು ಎರಡು ಕಡೆ ನಕಲು ಮಾಡಿದೆಯೇ. ಆರ್ದ್ರತೆಯ ಕಾಲಂ ವರ್ಷದ ಕೊನೆಗೆ ಒಂದು ರೇಖಾನಕ್ಷೆಯಾಗುತ್ತದೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಅದೇ ಒಂದು ಯೋಜನೆ.

ಮೌಲ್ಯಮಾಪನ

1. 50 ಮಿ.ಮೀ. ಮಸೂರದ ಎಫ್-ಸಂಖ್ಯೆ 2 ಮತ್ತು 4 ಆದಾಗ ವ್ಯಾಸಗಳೆಷ್ಟು? ಬೆಳಕಿನ ಅನುಪಾತವೆಷ್ಟು?
2. ಎರಡು ಕ್ಯಾಮೆರಾಗಳಿವೆ: 24 ಮೆಗಾಪಿಕ್ಸೆಲ್, ಮಸೂರದಲ್ಲಿ ಬೂಷ್ಟು, 12 ಮೆಗಾಪಿಕ್ಸೆಲ್, ಶುಭ್ರ ಮಸೂರ. ಬೆಲೆ ಒಂದೇ. ಆಯ್ಕೆಗೆ ಕಾರಣ ಕೊಡಿ.
3. ಡಬ್ಬಿಯ ಆರ್ದ್ರತೆ ಶೇ. 68 ತೋರಿಸುತ್ತಿದೆ, ಜೆಲ್ ಹಸಿರಾಗಿದೆ. ಈ ವಾರದ ಹೊಣೆಗಾರರಾಗಿ ನೀವೇನು ಮಾಡುತ್ತೀರಿ?

ಮೂರನೆಯ ಪ್ರಶ್ನೆಗೆ ಬಂದ ಉತ್ತರಗಳೇ ಅತ್ಯಂತ ಸ್ಪಷ್ಟವಾಗಿದ್ದವು. ಹೊಣೆ ಕೊಟ್ಟಲ್ಲಿ ಕಲಿಕೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಇದು ಸೂಚನೆ ಎಂದುಕೊಳ್ಳುತ್ತೇನೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಇದೇ ಪಾಠವನ್ನು ಸೂಕ್ಷ್ಮದರ್ಶಕಕ್ಕೂ ದೂರದರ್ಶಕಕ್ಕೂ ಹೊಂದಿಸಬಹುದು. ಅವುಗಳಲ್ಲೂ ಮಸೂರಗಳಿವೆ, ಅವುಗಳನ್ನೂ ನಾವು ಬೀರುವಿನಲ್ಲಿಟ್ಟು ಕಾಪಾಡುತ್ತೇವೆ. ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಅನುಮತಿ ಪಡೆದು ಒಂದು ಟಾರ್ಚ್ ಹಿಡಿದು ಅವುಗಳ ಗಾಜನ್ನು ನೋಡಿ. ಬೂಷ್ಟು ಇನ್ನೂ ಬಂದಿರದಿದ್ದರೆ ಒಂದು ಡಬ್ಬಿ, ಒಂದು ಹಿಡಿ ಜೆಲ್ ಮತ್ತು ಇಬ್ಬರು ಮಕ್ಕಳ ಹೆಸರು ಇಷ್ಟರಿಂದ ಕೆಲಸ ಆರಂಭಿಸಬಹುದು.