ಅಗ್ಗದ ವಿದ್ಯುತ್ ಗಿಟಾರು: ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

ವೀಣೆಯನ್ನು ಮೀಟಿದಾಗ ಕೇಳಿಬರುವ ನಾದವು ಕೇವಲ ತಂತಿಯದಲ್ಲ. ಸಪುರವಾದ ತಂತಿಯು ತಾನಾಗಿಯೇ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಅದರ ಕಂಪನವು ಕುದುರೆಯ ಮೂಲಕ ಕೊಡಕ್ಕಿಳಿದು, ಕೊಡದ ಅಗಲವಾದ ಹಲಗೆಯು ಗಾಳಿಯನ್ನು ಅಲುಗಿಸಿದಾಗಲೇ ನಾದವು ಸಭೆಗೆ ಮುಟ್ಟುವುದು. ವಿದ್ಯುತ್ ಗಿಟಾರಿಗಾದರೋ ಕೊಡವೇ ಇಲ್ಲ. ಅದರ ಒಡಲು ಬಹುಮಟ್ಟಿಗೆ ಗಟ್ಟಿಯಾದ ಮರದ ಹಲಗೆ. ಹಾಗಿದ್ದರೆ ಅದು ನುಡಿಯುವುದು ಹೇಗೆ? ಕಡಮೆ ಬೆಲೆಯದನ್ನು ಕೊಂಡವರು ಅದನ್ನು ಉತ್ತಮಪಡಿಸಿಕೊಳ್ಳುವುದು ಹೇಗೆ?

ಈ ಪ್ರಶ್ನೆ ನಮಗೆ ಎದುರಾದುದು ನಮ್ಮ ವಿದ್ಯಾರ್ಥಿಯೊಬ್ಬನಿಂದ. ಅವನು ಕೂಡಿಟ್ಟ ಹಣದಲ್ಲಿ ಅಗ್ಗದ ಗಿಟಾರೊಂದನ್ನು ಕೊಂಡಿದ್ದನು. ಬಿಡಿತಂತಿಗಳು ಶ್ರುತಿಗೆ ಸರಿಯಾಗಿ ನಿಂತರೂ, ಬೆರಳಿಟ್ಟು ನುಡಿಸಿದ ಸ್ವರಗಳು ಅಪಸ್ವರವಾಗುತ್ತಿದ್ದವು. ಅಂಗಡಿಯವರು, ಇದು ಆಗುವ ವಾದ್ಯವಲ್ಲ, ಮೂರು ಪಟ್ಟು ಬೆಲೆಯದನ್ನು ಕೊಳ್ಳಬೇಕು ಎಂದರಂತೆ. ಅಷ್ಟು ಹಣ ಮನೆಯಲ್ಲಿರಲಿಲ್ಲ. “ನನ್ನ ಕಿವಿಯೇ ಸರಿಯಿಲ್ಲವೇನೋ ಸಾರ್, ಬಿಟ್ಟುಬಿಡುತ್ತೇನೆ” ಎಂದನು. ಬಿಡುವ ಮುನ್ನ ಅದನ್ನೊಮ್ಮೆ ಪ್ರಯೋಗಶಾಲೆಗೆ ತರಲು ಹೇಳಿದೆವು. ಅಂದಿನ ಸಂಜೆ ನಾವು ಮಾಡಿದ ಪರೀಕ್ಷೆಗಳೇ ಈ ಪಾಠದ ವಿಷಯ.

ನುಡಿಯುವ ಬಗೆ

ಸುರುಳಿಯೊಂದರ ಮೂಲಕ ಹಾಯುವ ಕಾಂತಪ್ರವಾಹವು ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುವುದೆಂದು ಫ್ಯಾರಡೆಯು 1831ರಲ್ಲಿ ತೋರಿಸಿದನು. ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತಗಳಿದ್ದು, ಅವುಗಳ ಸುತ್ತ ಕೂದಲಿನಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುವರು. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿಯು ಕಂಪಿಸಿದಂತೆಲ್ಲ ಕಾಂತಪ್ರವಾಹವು ಏರಿಳಿದು, ಅದೇ ಆವರ್ತಸಂಖ್ಯೆಯ ವಿದ್ಯುತ್ತು ಹುಟ್ಟುವುದು. ಆಂಪ್ಲಿಫಯರು ಅದನ್ನು ಬಲಪಡಿಸುವುದು. ನೈಲಾನ್ ತಂತಿಯನ್ನು ಹಾಕಿದರೆ ಈ ಗಿಟಾರು ಮೂಕವಾಗುವುದೇಕೆಂಬುದನ್ನು ವಾಚಕರು ಇದರಿಂದಲೇ ಊಹಿಸಬಹುದು.

ಅಮೆರಿಕದಲ್ಲಿ ಜಾರ್ಜ್ ಬೋಷಾಂಪ್, ಅಡಾಲ್ಫ್ ರಿಕನ್‌ಬ್ಯಾಕರ್ ಎಂಬವರು 1930ರ ದಶಕದ ಆರಂಭದಲ್ಲಿ ಇಂತಹ ವಾದ್ಯವನ್ನು ಮಾರಾಟಕ್ಕೆ ತಂದರು. ಲಿಯೋ ಫೆಂಡರನ ಸ್ಟ್ರಾಟೊಕ್ಯಾಸ್ಟರ್ ಬಂದುದು 1954ರಲ್ಲಿ. ಇಂದಿನ ಅಗ್ಗದ ಗಿಟಾರುಗಳಲ್ಲಿ ಅನೇಕವು ಅದರ ಮಾದರಿಯವೇ: ಮೂರು ಪಿಕಪ್ಪುಗಳು, ಸುಮಾರು 648 ಮಿಲಿಮೀಟರ್ ತಂತಿಯುದ್ದ.

ಕೊಳ್ಳುವಾಗ ನೋಡಬೇಕಾದುದು

ತಂತಿಯ ಆವರ್ತಸಂಖ್ಯೆಯು ಅದರ ಉದ್ದಕ್ಕೆ ವಿಲೋಮಾನುಪಾತದಲ್ಲಿಯೂ ಬಿಗಿತದ ವರ್ಗಮೂಲಕ್ಕೆ ನೇರಾನುಪಾತದಲ್ಲಿಯೂ ಇರುವುದೆಂಬ ನಿಯಮವನ್ನು ಮರ್ಸೆನ್ 1636ರಲ್ಲಿ ಪ್ರಕಟಿಸಿದನು. ಗಿಟಾರಿನಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಸಮಾನ ಹೆಜ್ಜೆಗಳು. ಪ್ರತಿಯೊಂದು ಹೆಜ್ಜೆಗೂ ಆವರ್ತಸಂಖ್ಯೆಯು 1.0595 ಪಟ್ಟು ಏರಬೇಕು. ಆದುದರಿಂದ 648 ಮಿ.ಮೀ. ಉದ್ದದ ವಾದ್ಯದಲ್ಲಿ ಮೊದಲನೆಯ ಮೆಟ್ಟಿಲು ನಟ್ಟಿನಿಂದ 36.4 ಮಿ.ಮೀ. ದೂರದಲ್ಲಿಯೂ ಹನ್ನೆರಡನೆಯದು 324 ಮಿ.ಮೀ. ದೂರದಲ್ಲಿಯೂ ಇರತಕ್ಕದ್ದು. (ದಂಡಿಯ ತುದಿಯಲ್ಲಿ ತಂತಿಗಳು ಕುಳಿತುಕೊಳ್ಳುವ, ಗೀರುಗಳುಳ್ಳ ಪುಟ್ಟ ಪಟ್ಟಿಗೆ ನಟ್ ಎನ್ನುವರು.) ಅಂಗಡಿಯಲ್ಲಿ ಅಳತೆಪಟ್ಟಿ ಹಿಡಿದು ನೋಡಲು ನಾಚಬೇಕಾಗಿಲ್ಲ.

ಬಳಿಕ ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಬೇಕು. ತಿರುಚಿಕೊಂಡಿದ್ದರೆ ಕೊಳ್ಳಲೇಬಾರದು. ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಮೆಟ್ಟಿಲಿನಲ್ಲಿ ಒತ್ತಿ ಮೀಟಿ, ಸ್ವರ ಸತ್ತುಹೋಗುವ ಎಡೆಗಳುಂಟೇ ಎಂದು ಪರೀಕ್ಷಿಸಬೇಕು. ಬಿರಡೆಗಳು ಸಡಿಲವಾಗಿರಕೂಡದು. ಸೂತ್ರವಿಷ್ಟೆ: ಪಿಕಪ್ಪು, ಗುಂಡಿ, ವಯರುಗಳನ್ನು ಮುಂದೆ ಬದಲಾಯಿಸಬಹುದು, ಕೆಟ್ಟ ದಂಡಿಯನ್ನು ಸರಿಪಡಿಸುವ ವೆಚ್ಚ ವಾದ್ಯದ ಬೆಲೆಯನ್ನೇ ಮೀರಬಹುದು. ಆದುದರಿಂದ ಹೊಳಪಿಗೆ ಮರುಳಾಗದೆ ದಂಡಿಯನ್ನು ನೋಡಿ ಕೊಳ್ಳತಕ್ಕದ್ದು.

ಅಪಸ್ವರದ ಮೂಲ

ನಮ್ಮ ವಿದ್ಯಾರ್ಥಿಯ ಗಿಟಾರಿನಲ್ಲಿ ಮೆಟ್ಟಿಲುಗಳ ಅಳತೆ ಸರಿಯಾಗಿಯೇ ಇತ್ತು. ಹಾಗಾದರೆ ದೋಷವೆಲ್ಲಿ? ಬೆರಳಿನಿಂದ ಒತ್ತಿದಾಗ ತಂತಿಯ ಉದ್ದ ಕಡಮೆಯಾಗುವುದಲ್ಲದೆ, ಅದು ತುಸು ಹಿಗ್ಗಿ ಬಿಗಿತವೂ ಹೆಚ್ಚುವುದು. ತಂತಿಯು ಮೆಟ್ಟಿಲಿಗಿಂತ ಎತ್ತರದಲ್ಲಿದ್ದಷ್ಟೂ ಈ ಹೆಚ್ಚಳ ಅಧಿಕ. ನಟ್ಟಿನ ಗೀರುಗಳು ಆಳವಿಲ್ಲದಿದ್ದರೆ ಮೊದಲ ಮೂರು ನಾಲ್ಕು ಮೆಟ್ಟಿಲುಗಳಲ್ಲಿಯೇ ಸ್ವರ ಹೆಚ್ಚು ಏರಿಬಿಡುವುದು. ಹೊಸಬರು ನುಡಿಸುವುದು ಆ ಎಡೆಯಲ್ಲಿಯೇ! ಹುಡುಗನ ಕಿವಿ ಸರಿಯಾಗಿತ್ತು. ಸರಿಯಾಗಿದ್ದುದರಿಂದಲೇ ಅವನಿಗೆ ದೋಷವು ಕೇಳಿಸಿತು.

ಸರಿಪಡಿಸುವ ಕ್ರಮ ಹೀಗೆ. ಮೊದಲು ಹೊಸ ತಂತಿಗಳನ್ನು ಹಾಕಿ ಶ್ರುತಿಮಾಡಬೇಕು. ಅನಂತರ ಒಂದು ತಂತಿಯನ್ನು ಮೊದಲ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ಒಟ್ಟಿಗೆ ಒತ್ತಿ, ನಡುವೆ ಏಳನೆಯ ಮೆಟ್ಟಿಲಿನ ಬಳಿ ಎಷ್ಟು ಎಡೆಯಿದೆಯೆಂದು ನೋಡಬೇಕು. ಅದು ಸುಮಾರು 0.2ರಿಂದ 0.3 ಮಿ.ಮೀ. ಇದ್ದರೆ ಸಾಕು. ಹೆಚ್ಚು ಕಡಮೆಯಿದ್ದರೆ, ದಂಡಿಯೊಳಗಿನ ಉಕ್ಕಿನ ಸರಳನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಾಗದಂತೆ ತಿರುಗಿಸಬೇಕು. ಮೂರನೆಯದಾಗಿ, ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿದಾಗ ಮೊದಲನೆಯ ಮೆಟ್ಟಿಲಿನ ಮೇಲೆ ಕೂದಲೆಳೆಯಷ್ಟು ಎಡೆ ಉಳಿಯುವವರೆಗೆ ನಟ್ಟಿನ ಗೀರನ್ನು ಸಣ್ಣ ಅರದಿಂದ ಉಜ್ಜಬೇಕು. ಉಜ್ಜಿದುದನ್ನು ಮರಳಿ ತುಂಬಲಾಗದು. ಆದುದರಿಂದ ಅವಸರ ಸಲ್ಲದು.

ಕೊನೆಯದು ಕುದುರೆ. ನಮ್ಮ ಐದನೆಯ ತಂತಿಯು ಬಿಡಿಯಾಗಿ 110 ಹರ್ಟ್ಜ್ ನುಡಿದು, ಹನ್ನೆರಡನೆಯ ಮೆಟ್ಟಿಲಿನಲ್ಲಿ 220ರ ಬದಲು 221 ನುಡಿಯುತ್ತಿತ್ತು. ಹೆಚ್ಚಳವು ನೂರಕ್ಕೆ 0.45. ಕುದುರೆಯನ್ನು ಹಿಂದಕ್ಕೆ ಸರಿಸಿ ಮತ್ತೆ ಶ್ರುತಿಮಾಡಿದರೆ, ತಂತಿಯುದ್ದದ ಎಷ್ಟನೆಯ ಪಾಲು ಸರಿಸಿದೆವೋ ಸುಮಾರು ಅಷ್ಟೇ ಪಾಲು ಆ ಸ್ವರವು ಇಳಿಯುವುದೆಂದು ಗಣಿತದಿಂದ ತಿಳಿಯುತ್ತದೆ. 648ರಲ್ಲಿ ನೂರಕ್ಕೆ 0.45 ಎಂದರೆ ಸುಮಾರು 3 ಮಿ.ಮೀ. ಅಷ್ಟು ಸರಿಸಲು ತಿರುಪುಳಿಯೊಂದೇ ಸಾಕಾಯಿತು. ಶ್ರುತಿ ಅಳೆಯಲು ಮೊಬೈಲ್ ಫೋನಿನ ಉಚಿತ ತಂತ್ರಾಂಶವೇ ಸಾಕು.

ಗುಂಯ್‌ಗುಟ್ಟುವಿಕೆ ಮತ್ತು ನಾದಗುಣ

ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುವುದರಿಂದ, ಒಂಟಿ ಸುರುಳಿಯ ಪಿಕಪ್ಪು ಆ ಗುಂಯ್‌ಗುಟ್ಟುವಿಕೆಯನ್ನೂ ಹಿಡಿಯುವುದು. ಒಡಲಿನ ಗುಳಿಗೆ ತಾಮ್ರದ ಹಾಳೆಯನ್ನು ಅಂಟಿಸಿ ನೆಲದ ವಯರಿಗೆ ಸೇರಿಸಿದರೆ ವಿದ್ಯುತ್‌ಕ್ಷೇತ್ರದಿಂದ ಬರುವ ಗದ್ದಲ ತಗ್ಗುವುದು. ಕಾಂತಕ್ಷೇತ್ರದಿಂದ ಬರುವುದು ಮಾತ್ರ ತಗ್ಗದು. ಅದಕ್ಕೆ ಜೋಡಿಸುರುಳಿಯೇ ಬೇಕು. ಅದರಲ್ಲಿ ಎರಡು ಸುರುಳಿಗಳ ಧ್ರುವಗಳೂ ಜೋಡಣೆಯೂ ಪರಸ್ಪರ ವಿರುದ್ಧವಾಗಿದ್ದು, ಹೊರಗಿನ ಗುಂಯ್‌ಕಾರ ಕಳೆದುಹೋಗಿ ತಂತಿಯ ಸ್ವರ ಕೂಡಿಕೊಳ್ಳುವುದು.

ನಾದ ಮಂಕೆನಿಸಿದರೆ ಪಿಕಪ್ಪನ್ನು ಬದಲಾಯಿಸುವ ಮುನ್ನ ಕೇಬಲನ್ನು ಬದಲಾಯಿಸಿ ನೋಡಿರಿ. ಸುರುಳಿಯ ಪ್ರೇರಕತ್ವ 2.5 ಹೆನ್ರಿ, ಕೇಬಲಿನ ಧಾರಕತ್ವ 500 ಪಿಕೊಫ್ಯಾರಡ್ ಎಂದಿಟ್ಟುಕೊಂಡರೆ ಅನುರಣನವು ಸುಮಾರು 4,500 ಹರ್ಟ್ಜ್‌ನಲ್ಲಿ ಬೀಳುವುದು. ಕೇಬಲಿನ ಉದ್ದವನ್ನು ಇಮ್ಮಡಿಸಿದರೆ ಅದು ಸುಮಾರು 3,200ಕ್ಕೆ ಇಳಿದು, ಮೇಲಿನ ಉಪಸ್ವರಗಳು ಕುಗ್ಗುವುವು. ಗಿಡ್ಡ ಕೇಬಲಿಗೆ ಬೆಲೆಯೂ ಕಡಮೆ!

ಪಿಕಪ್ಪು ಇರುವ ಎಡೆಯೂ ಮುಖ್ಯ. ತಂತಿಯ ನಾಲ್ಕನೆಯ ಒಂದು ಪಾಲಿನಲ್ಲಿ ನಾಲ್ಕನೆಯ ಉಪಸ್ವರಕ್ಕೆ ನಿಸ್ಪಂದ ಬಿಂದುವಿರುವುದರಿಂದ, ಅಲ್ಲಿರುವ ಪಿಕಪ್ಪು ಬಿಡಿತಂತಿಯ ಆ ಉಪಸ್ವರವನ್ನು ಹಿಡಿಯಲಾರದು. ಮೀಟುವ ಬಿಂದುವಿಗೂ ಇಂತಹುದೇ ನಿಯಮವುಂಟು. ಆದರೆ ವೀಣೆ ತಂಬೂರಿಗಳಲ್ಲಿ ಅಗಲವಾದ ಕುದುರೆಯ ದೆಸೆಯಿಂದ, ಇರಬಾರದ ಉಪಸ್ವರಗಳೂ ಕೇಳಿಬರುವುವೆಂದು ಸಿ. ವಿ. ರಾಮನ್ನರು 1921ರಲ್ಲಿ ತಿಳಿಸಿದರು.

ಒಂದು ಎಚ್ಚರಿಕೆ. ಗಿಟಾರಿನ ತಂತಿಗಳು ನೆಲದ ವಯರಿಗೆ ಸೇರಿರುವುದರಿಂದ ಆಂಪ್ಲಿಫಯರಿಗೆ ಭೂಸಂಪರ್ಕವುಳ್ಳ ಮೂರು ಮೊಳೆಯ ಪ್ಲಗ್ಗು ಇರಲೇಬೇಕು. ಆಂಪ್ಲಿಫಯರಿನ ಒಳಭಾಗವನ್ನು ಮಾತ್ರ ಬಿಚ್ಚಕೂಡದು. ಸ್ವಿಚ್ಚು ಆರಿಸಿದ ಮೇಲೂ ಅದರ ಧಾರಕಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಆ ಸಂಜೆ ವಿದ್ಯಾರ್ಥಿಗೆ ತಗುಲಿದ ವೆಚ್ಚ ಒಂದು ಜೊತೆ ತಂತಿಗಳ ಬೆಲೆ ಮಾತ್ರ. ಅವನು ಮೊದಲನೆಯ ಮೆಟ್ಟಿಲಿನಲ್ಲಿ ಬೆರಳಿಟ್ಟು ಮೀಟಿ, ಸ್ವರ ಆರುವವರೆಗೂ ಕೇಳಿ, ಮತ್ತೆ ಮೀಟಿದನು. ಎಲ್ಲ ಅಗ್ಗದ ವಾದ್ಯಗಳೂ ಹೀಗೆ ಸರಿಹೋಗುವುವೆಂದು ನಾವು ಹೇಳುವುದಿಲ್ಲ. ಆದರೆ ಅಳೆದು ನೋಡುವ ಮೊದಲೇ ವಾದ್ಯವನ್ನಾಗಲಿ ತನ್ನ ಕಿವಿಯನ್ನಾಗಲಿ ದೂರುವುದು ಭೌತಶಾಸ್ತ್ರದ ವಿದ್ಯಾರ್ಥಿಗೆ ತಕ್ಕುದಲ್ಲ.