ಹಾಲಿನ ಲೆಕ್ಕ ಓದಲು ಕಲಿಯಿರಿ: ಯಾವ ಹಸು ಉಳಿಸಬೇಕು, ಯಾವುದನ್ನು ಮಾರಬೇಕು?



ಮೇವಿನ ಕೊರತೆ ಬಂದಾಗ, ಮನೆಯಲ್ಲಿ ಮದುವೆ ಗೊತ್ತಾದಾಗ, ಸಾಲದ ಕಂತು ಹತ್ತಿರ ಬಂದಾಗ ನಮ್ಮ ರೈತರ ದೃಷ್ಟಿ ಮೊದಲು ಹೋಗುವುದು ಕೊಟ್ಟಿಗೆಯ ಕಡೆಗೆ. "ಡಾಕ್ಟ್ರೇ, ಇರುವ ಎರಡು ಹಸುಗಳಲ್ಲಿ ಯಾವುದನ್ನು ಕೊಟ್ಟುಬಿಡಲಿ?" ಎಂಬ ಪ್ರಶ್ನೆ ಪ್ರತಿಯೊಂದು ಶಿಬಿರದಲ್ಲೂ ಕೇಳಿಬರುತ್ತದೆ. ಆ ಹಸು ಹಿಂದಿನ ಸಲ ಕರು ಹಾಕಿದ್ದು ಯಾವಾಗ, ಎಷ್ಟು ಸಲ ಇಂಜೆಕ್ಷನ್ ಕೊಡಿಸಿದಿರಿ ಎಂದು ನಾವು ತಿರುಗಿ ಕೇಳಿದರೆ "ಯುಗಾದಿ ಹೊತ್ತಿಗೆ ಇರಬೇಕು", "ಎರಡೋ ಮೂರೋ ಸಲ" ಎಂಬ ಉತ್ತರ ಬರುತ್ತದೆ. ಅಂದಾಜಿನ ಮೇಲೆ ಮಾರಿದ ಹಸು ಮತ್ತೆ ಕೊಟ್ಟಿಗೆಗೆ ಬರುವುದಿಲ್ಲ. ಅಂಥದೇ ಇನ್ನೊಂದನ್ನು ತರಬೇಕಾದರೆ ಮಾರಿದ ಹಣಕ್ಕೆ ಇನ್ನಷ್ಟು ಸೇರಿಸಬೇಕು. ಆದ್ದರಿಂದ ಹಗ್ಗ ಬಿಚ್ಚುವ ಮೊದಲು ಪುಸ್ತಕ ಬಿಚ್ಚುವುದು ಜಾಣತನ.

ಇಂದು ಅನೇಕ ಸಂಘಗಳಲ್ಲಿ ಹಾಲಿನ ತೂಕ, ಜಿಡ್ಡಿನಂಶ, ಜಿಡ್ಡೇತರ ಘನಾಂಶ ಎಲ್ಲವೂ ಯಂತ್ರದಲ್ಲೇ ದಾಖಲಾಗಿ ಚೀಟಿ ಕೈಗೆ ಬರುತ್ತದೆ. ಮೊಬೈಲಿಗೂ ಸಂದೇಶ ಬರುತ್ತದೆ. ಅಂಕಿಗಳಿಗೆ ಬರವಿಲ್ಲ, ಓದುವವರು ಕಡಿಮೆ. ಜಾಲತಾಣ ತೆರೆದು ಸರಕು ಮಾರುವ ವ್ಯಾಪಾರಿ ಎಷ್ಟು ಜನ ಬಂದರು ಎಂಬುದನ್ನು ಮಾತ್ರ ನೋಡಿ ಸುಮ್ಮನಾಗುವುದಿಲ್ಲ. ಬಂದವರಲ್ಲಿ ಕೊಂಡವರೆಷ್ಟು, ಕೊಳ್ಳದೆ ಹೋದವರು ಎಲ್ಲಿಂದ ಹಿಂದಿರುಗಿದರು ಎಂದು ಹುಡುಕುತ್ತಾನೆ. ಉತ್ತರ ಸಿಕ್ಕ ಮೇಲೆ ಒಂದು ಬದಲಾವಣೆ ಮಾಡಿ ಮತ್ತೆ ನೋಡುತ್ತಾನೆ. ಹೈನುಗಾರಿಕೆಯೂ ವ್ಯಾಪಾರವೇ. ನಾವೂ ಅದನ್ನೇ ಮಾಡಬೇಕು.

ಲೆಕ್ಕ ಇಡುವ ಪದ್ಧತಿ ಎಲ್ಲಿಂದ ಬಂತು?

ಹಿಂದೆ ಪಾಶ್ಚಾತ್ಯ ದೇಶಗಳಲ್ಲೂ ಹಾಲಿಗೆ ಬರೀ ತೂಕದ ಮೇಲೆ ಹಣ ಕೊಡುತ್ತಿದ್ದರು. ಗಟ್ಟಿ ಹಾಲು ತಂದವನಿಗೂ ನೀರು ಬೆರೆಸಿದವನಿಗೂ ಒಂದೇ ಬೆಲೆ. 1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ವಿಜ್ಞಾನಿ ಜಿಡ್ಡಿನಂಶವನ್ನು ಸುಲಭವಾಗಿ ಅಳೆಯುವ ಪರೀಕ್ಷೆಯನ್ನು ಕಂಡುಹಿಡಿದರು. ಅದಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಗರ್ಬರ್ ರೂಪಿಸಿದ ಪರೀಕ್ಷೆ ನಮ್ಮ ಸಂಘಗಳಲ್ಲಿ ಬಹಳ ವರ್ಷ ನಡೆಯಿತು.

1895ರಲ್ಲಿ ಡೆನ್ಮಾರ್ಕಿನ ವೇಯನ್ ಎಂಬಲ್ಲಿ ರೈತರು ಇನ್ನೊಂದು ಹೆಜ್ಜೆ ಮುಂದೆ ಹೋದರು. ತಾವೇ ಸಂಘ ಕಟ್ಟಿಕೊಂಡು, ಮನೆಯಿಂದ ಮನೆಗೆ ಹೋಗಿ ಪ್ರತಿ ಹಸುವಿನ ಹಾಲು, ಜಿಡ್ಡು ಮತ್ತು ತಿಂದ ಮೇವನ್ನು ಬರೆದಿಡಲು ಒಬ್ಬ ನೌಕರನನ್ನು ನೇಮಿಸಿದರು. ಸಂಘದ ಚೀಟಿ ಇಡೀ ಕ್ಯಾನಿನ ಲೆಕ್ಕ ಹೇಳುತ್ತದೆ. ಕ್ಯಾನಿನೊಳಗೆ ಯಾವ ಹಸು ದುಡಿಯಿತು, ಯಾವುದು ಬರೀ ತಿಂದಿತು ಎಂಬುದನ್ನು ಹೇಳುವುದಿಲ್ಲ. ಈ ಸತ್ಯವನ್ನು ಅವರು ಅಂದೇ ಅರಿತಿದ್ದರು.

ಪುಸ್ತಕದಲ್ಲಿ ಏನು ಬರೆಯಬೇಕು?

ನೂರು ಪುಟದ ಒಂದು ನೋಟ್ ಪುಸ್ತಕ, ದಾರ ಕಟ್ಟಿದ ಒಂದು ಪೆನ್ಸಿಲ್ ಸಾಕು. ಕೊಟ್ಟಿಗೆಯ ಕಂಬಕ್ಕೆ ತೂಗುಹಾಕಿ. ಒಂದೊಂದು ರಾಸಿಗೂ ಬೇರೆ ಬೇರೆ ಪುಟ ಇಡಿ. ಪುಟದ ತಲೆಯಲ್ಲಿ ಹಸುವಿನ ಹೆಸರು ಮತ್ತು ಕಿವಿಯೋಲೆಯ 12 ಅಂಕಿಯ ಸಂಖ್ಯೆಯನ್ನು ಬರೆಯಿರಿ. ಕೆಳಗೆ ಇಷ್ಟು ವಿವರಗಳಿರಲಿ:

1. ಕರು ಹಾಕಿದ ದಿನಾಂಕ, ಎಷ್ಟನೆಯ ಸೂಲು.
2. ಬೆದೆಗೆ ಬಂದ ಪ್ರತಿಯೊಂದು ದಿನಾಂಕ. ಕೃತಕ ಗರ್ಭಧಾರಣೆ ಮಾಡಿಸದಿದ್ದರೂ ಬರೆಯಿರಿ.
3. ಕೃತಕ ಗರ್ಭಧಾರಣೆ ಮಾಡಿಸಿದ ದಿನಾಂಕ, ಗಬ್ಬ ಪರೀಕ್ಷೆಯ ಫಲಿತಾಂಶ.
4. ಹಾಲು ಬತ್ತಿಸಿದ ದಿನಾಂಕ.
5. ತಿಂಗಳಿಗೊಂದು ನಿಗದಿತ ದಿನ ಆ ಹಸುವಿನ ಬೆಳಗಿನ ಮತ್ತು ಸಂಜೆಯ ಹಾಲು, ಬೇರೆಯಾಗಿ ಅಳೆದದ್ದು.
6. ಕಾಯಿಲೆ, ಔಷಧ, ಲಸಿಕೆ, ತಗುಲಿದ ಖರ್ಚು.

ಬರೆಯುವವರು ಯಾರು? ಹಾಲು ಕರೆಯುವವರೇ ಬರೆಯಬೇಕು. ಬಹುತೇಕ ಮನೆಗಳಲ್ಲಿ ಆ ಕೆಲಸ ತಾಯಂದಿರದು. ಪಾಸ್ ಪುಸ್ತಕ ಯಾರ ಹೆಸರಿನಲ್ಲೇ ಇರಲಿ, ಹಸು ಇಂದು ಹೇಗಿದೆ ಎಂಬುದು ಅವರಿಗೇ ಗೊತ್ತು. ಅಕ್ಷರ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳು ಬರೆಯಲಿ. ಮಾರುವ, ಕೊಳ್ಳುವ ತೀರ್ಮಾನ ಮಾಡುವಾಗ ಅವರ ಮಾತನ್ನೂ ಕೇಳಿ.

ಒಂದು ಲೆಕ್ಕ ಮಾಡಿ ನೋಡೋಣ

ಒಂದು ಕೊಟ್ಟಿಗೆಯಲ್ಲಿ ಗೌರಿ ಮತ್ತು ಕೆಂಪಿ ಎಂಬ ಎರಡು ಮಿಶ್ರತಳಿ ಹಸುಗಳಿವೆ ಎಂದುಕೊಳ್ಳಿ. ಗೌರಿ ಕರು ಹಾಕಿದ ಎರಡನೇ ತಿಂಗಳಲ್ಲಿ ದಿನಕ್ಕೆ 14 ಲೀಟರ್ ಕೊಡುತ್ತದೆ, ಕೆಂಪಿ 11 ಲೀಟರ್. ನೋಡಿದವರೆಲ್ಲ ಗೌರಿಯನ್ನೇ ಹೊಗಳುತ್ತಾರೆ. ಆದರೆ ಗೌರಿ 18 ತಿಂಗಳಿಗೊಮ್ಮೆ ಕರು ಹಾಕುತ್ತದೆ, ಕೆಂಪಿ 13 ತಿಂಗಳಿಗೊಮ್ಮೆ.

ಒಂದು ಸೂಲಿನ 305 ದಿನಗಳ ಹಾಲನ್ನು ಅಂದಾಜು ಮಾಡಲು ಸುಲಭ ಸೂತ್ರವಿದೆ. ಅತಿ ಹೆಚ್ಚು ಕೊಟ್ಟ ದಿನದ ಹಾಲನ್ನು 200ರಿಂದ ಗುಣಿಸಿ. ಗೌರಿಗೆ 2,800 ಲೀಟರ್, ಕೆಂಪಿಗೆ 2,200 ಲೀಟರ್ ಆಯಿತು. ಆಮೇಲೆ ಎರಡೂ ಬತ್ತುತ್ತವೆ ಎಂದಿಟ್ಟುಕೊಳ್ಳಿ.

ಈಗ ಖರ್ಚು. ಲೆಕ್ಕದ ಅನುಕೂಲಕ್ಕಾಗಿ ಹಾಲಿಗೆ ಲೀಟರಿಗೆ 35 ರೂ., ಪಶು ಆಹಾರಕ್ಕೆ ಕಿಲೋಗೆ 25 ರೂ. ಎಂದು ಹಿಡಿಯೋಣ, ನಿಮ್ಮ ಊರಿನ ದರ ಹಾಕಿ ನೀವೇ ಮತ್ತೆ ಲೆಕ್ಕ ಮಾಡಿ. ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರ ಕೊಡುವುದು ರೂಢಿ. ಅಂದರೆ ಲೀಟರಿಗೆ 10 ರೂ. ಅದಕ್ಕೇ ಹೋಗಿ 25 ರೂ. ಉಳಿಯುತ್ತದೆ. ಇದಲ್ಲದೆ ಹಸು ಹಾಲು ಕೊಡಲಿ ಬಿಡಲಿ, ಅದರ ದೇಹಪೋಷಣೆಗೆ ಹಸಿ ಮೇವು, ಒಣ ಮೇವು, ಒಂದು ಕಿಲೋ ಪಶು ಆಹಾರ, ಲವಣ ಮಿಶ್ರಣ ಎಲ್ಲ ಸೇರಿ ದಿನಕ್ಕೆ 120 ರೂ. ಬೇಕು.

ಗೌರಿ: 2,800 ಲೀಟರಿಗೆ 25 ರೂ.ನಂತೆ 70,000 ರೂ. ಎರಡು ಸೂಲುಗಳ ನಡುವಿನ 540 ದಿನಗಳಿಗೆ ಪೋಷಣೆ 64,800 ರೂ. ಉಳಿದದ್ದು 5,200 ರೂ. ದಿನಕ್ಕೆ ಸುಮಾರು 10 ರೂಪಾಯಿ.

ಕೆಂಪಿ: 2,200 ಲೀಟರಿಗೆ 55,000 ರೂ. 390 ದಿನಗಳ ಪೋಷಣೆ 46,800 ರೂ. ಉಳಿದದ್ದು 8,200 ರೂ. ದಿನಕ್ಕೆ 21 ರೂಪಾಯಿ.

ಮನೆಯವರ ದುಡಿಮೆಯನ್ನು ಇದರಲ್ಲಿ ಸೇರಿಸಿಲ್ಲ. ಆದರೂ ದಿನಕ್ಕೆ ಮೂರು ಲೀಟರ್ ಕಡಿಮೆ ಕೊಡುವ ಕೆಂಪಿಯೇ ಎರಡರಷ್ಟು ಉಳಿಸಿಕೊಟ್ಟಿತು. ಗೌರಿ 235 ದಿನ ಹಾಲಿಲ್ಲದೆ ನಿಂತು ತಿಂದಿತು. ಕೆಂಪಿ ನಿಂತದ್ದು 85 ದಿನ ಮಾತ್ರ. ಚೊಂಬಿನ ಹಾಲು ಎಲ್ಲರಿಗೂ ಕಾಣುತ್ತದೆ, ದಿನಗಳ ಲೆಕ್ಕ ಪುಸ್ತಕದಲ್ಲಿ ಮಾತ್ರ ಕಾಣುತ್ತದೆ.

ಹಾಗಾದರೆ ಗೌರಿಯನ್ನು ಮಾರಬೇಕೇ?

ಇಲ್ಲೇ ಅವಸರ ಕೂಡದು. ಅಂಕಿ ತೋರಿಸುವುದು ತೊಂದರೆ ಇದೆ ಎಂಬುದನ್ನು. ತೊಂದರೆ ಏಕೆ ಎಂಬುದಕ್ಕೆ ಇನ್ನೊಂದು ಪ್ರಶ್ನೆ ಕೇಳಬೇಕು. ಹಸುವಿನ ಗರ್ಭಾವಧಿ ಸುಮಾರು 280 ದಿನ. 540ರಲ್ಲಿ 280 ಕಳೆದರೆ 260. ಅಂದರೆ ಗೌರಿ ಗಬ್ಬವಾದದ್ದು ಕರು ಹಾಕಿದ 260ನೇ ದಿನಕ್ಕೆ. 120 ದಿನದೊಳಗೆ ಆಗಬೇಕಾಗಿದ್ದದ್ದು 140 ದಿನ ತಡವಾಯಿತು. ಹಸು 21 ದಿನಗಳಿಗೊಮ್ಮೆ ಬೆದೆಗೆ ಬರುವುದರಿಂದ ಆರೇಳು ಬೆದೆಗಳು ವ್ಯರ್ಥವಾದವು. ತಪ್ಪಿದ ಒಂದೊಂದು ಬೆದೆಗೂ 21 ದಿನದ ಪೋಷಣೆ, ಅಂದರೆ 2,520 ರೂ. ಕೈಬಿಟ್ಟು ಹೋಯಿತು.

ಪುಸ್ತಕದಲ್ಲಿ ಬೆದೆಯ ದಿನಾಂಕಗಳನ್ನು ನೋಡಿ.

ದಿನಾಂಕಗಳೇ ಇಲ್ಲದಿದ್ದರೆ, ಹಸು ಬೆದೆಗೆ ಬರಲಿಲ್ಲ ಅಥವಾ ಬಂದದ್ದನ್ನು ಯಾರೂ ಗಮನಿಸಲಿಲ್ಲ. ಅನೇಕ ಹಸುಗಳು ರಾತ್ರಿ ಅಥವಾ ಮುಂಜಾನೆ ಕೂಗದೆಯೇ ಬೆದೆಗೆ ಬರುತ್ತವೆ. ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ಹಿಂಭಾಗದ ಲೋಳೆಯನ್ನು ನೋಡುವ ಅಭ್ಯಾಸ ಮಾಡಿ. 60 ದಿನ ಕಳೆದರೂ ಬೆದೆ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಿ.

ದಿನಾಂಕಗಳು 21 ದಿನದ ಅಂತರದಲ್ಲಿ ಸಾಲಾಗಿದ್ದು, ಇಂಜೆಕ್ಷನ್ ಕೊಡಿಸಿದರೂ ನಿಲ್ಲದಿದ್ದರೆ, ಮೊದಲು ವೇಳೆಯನ್ನು ಪರಿಶೀಲಿಸಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಮೂರು ಸಲವೂ ನಿಲ್ಲದಿದ್ದರೆ ಗರ್ಭಕೋಶದ ತಪಾಸಣೆ ಅಗತ್ಯ.

ಅಂತರ ಅಸ್ತವ್ಯಸ್ತವಾಗಿದ್ದರೆ, ಹತ್ತು ದಿನ, ನಲವತ್ತೈದು ದಿನ ಹೀಗಿದ್ದರೆ, ಅಂಡಾಶಯದ ತೊಂದರೆ ಇರಬಹುದು ಅಥವಾ ಭ್ರೂಣ ನಿಂತು ಹೋಗಿರಬಹುದು. ಆ ದಿನಾಂಕಗಳನ್ನು ವೈದ್ಯರಿಗೆ ತೋರಿಸಿದರೆ ಅರ್ಧ ರೋಗ ಅಲ್ಲಿಯೇ ತಿಳಿಯುತ್ತದೆ.

ಚಿಕಿತ್ಸೆ, ಲವಣ ಮಿಶ್ರಣ ಮತ್ತು ಸರಿಯಾದ ವೇಳೆಯಿಂದ ಗೌರಿ 400 ದಿನಕ್ಕೊಮ್ಮೆ ಕರು ಹಾಕುವಂತಾದರೆ 70,000ದಲ್ಲಿ 48,000 ಕಳೆದು 22,000 ರೂ. ಉಳಿಯುತ್ತದೆ. ದಿನಕ್ಕೆ 55 ರೂಪಾಯಿ! ಮಾರಲು ಹೊರಟ ಹಸುವೇ ಕೊಟ್ಟಿಗೆಯ ಉತ್ತಮ ಹಸುವಾಯಿತು. ಹಾಲಿನ ಲೆಕ್ಕವನ್ನು ಮಾತ್ರ ನೋಡಿದ್ದರೆ ಕೆಂಪಿಯನ್ನು ಮಾರುತ್ತಿದ್ದಿರಿ. ಉಳಿಕೆಯನ್ನು ಮಾತ್ರ ನೋಡಿದ್ದರೆ ಗೌರಿಯನ್ನು ಮಾರುತ್ತಿದ್ದಿರಿ. ಕಾರಣವನ್ನು ಹುಡುಕಿದ್ದರಿಂದ ಎರಡೂ ಉಳಿದವು.

ಆದರೆ ಮಾರಲೇಬೇಕಾದ ರಾಸುಗಳೂ ಇವೆ. ಚಿಕಿತ್ಸೆಯ ನಂತರವೂ ಗಬ್ಬ ನಿಲ್ಲದ್ದು, ಕೆಚ್ಚಲು ಬಾವಿನಿಂದ ಎರಡು ಮೊಲೆ ಸತ್ತದ್ದು, ಚೆನ್ನಾಗಿ ಮೇಯಿಸಿದರೂ ಎರಡು ಸೂಲುಗಳಲ್ಲಿ ಹಾಲು ಏರದ್ದು. ಚೊಚ್ಚಲ ಕಡಸನ್ನು ಮಾತ್ರ ಮೊದಲ ಸೂಲಿನಿಂದಲೇ ಅಳೆಯಬೇಡಿ. ಅದು ಇನ್ನೂ ಬೆಳೆಯುತ್ತಿರುವ ದೇಹ. ಮೂರು, ನಾಲ್ಕನೇ ಸೂಲಿಗೆ ಅದರ ನಿಜವಾದ ಶಕ್ತಿ ಕಾಣುತ್ತದೆ.

ಸಂಘದ ಚೀಟಿ ಏನು ಹೇಳುತ್ತದೆ?

ಹಾಲು ಅಷ್ಟೇ ಇದ್ದು ಜಿಡ್ಡು ಇಳಿದರೆ: ಪಶು ಆಹಾರ ಹೆಚ್ಚಾಗಿ ನಾರಿನ ಮೇವು ಕಡಿಮೆಯಾಗಿರಬಹುದು. ಒಣ ಹುಲ್ಲು, ಸೊಪ್ಪೆ ಹೆಚ್ಚಿಸಿ ನೋಡಿ. ಪೂರ್ತಿ ಕರೆಯದೆ ಬಿಟ್ಟರೂ ಹೀಗಾಗುತ್ತದೆ, ಏಕೆಂದರೆ ಕೊನೆಯ ಹಾಲಿನಲ್ಲೇ ಜಿಡ್ಡು ಹೆಚ್ಚು.

ಜಿಡ್ಡೇತರ ಘನಾಂಶ ಇಳಿದರೆ: ಹಸುವಿಗೆ ಹೊಟ್ಟೆ ತುಂಬ ಪುಷ್ಟಿಕರ ಆಹಾರ ಸಿಗುತ್ತಿಲ್ಲ, ಅಥವಾ ಒಳಗೊಳಗೇ ಕೆಚ್ಚಲು ಬಾವು ಇದೆ. ಹೊರಗೆ ಊತವಿಲ್ಲ, ಹಾಲು ಒಡೆದಿಲ್ಲ ಎಂದು ನೆಮ್ಮದಿಯಾಗಿರಬೇಡಿ. ಗುಪ್ತ ಕೆಚ್ಚಲು ಬಾವಿನ ಪರೀಕ್ಷೆ ಮಾಡಿಸಿ.

ಎರಡು ಮೂರು ದಿನದಲ್ಲಿ ಹಾಲು ದಿಢೀರನೆ ಇಳಿದರೆ: ನೀರು, ಮೇವಿನ ಬದಲಾವಣೆ, ಬೆದೆ, ಜ್ವರ, ಗೊರಸು, ಈ ಕ್ರಮದಲ್ಲಿ ನೋಡಿ. ಎಷ್ಟೋ ಕಡೆ ಕಾರಣ ಬರೀ ಖಾಲಿ ತೊಟ್ಟಿಯಾಗಿರುತ್ತದೆ.

ಕರು ಹಾಕಿ ಆರೆಂಟು ವಾರವಾದರೂ ಹಾಲು ಏರದಿದ್ದರೆ: ಬತ್ತಿಸಿದ ಎರಡು ತಿಂಗಳಲ್ಲಿ ಸರಿಯಾಗಿ ಮೇಯಿಸಿಲ್ಲ ಎಂದರ್ಥ. ಮುಂದಿನ ಸೂಲಿಗಾದರೂ ಆಗ ಎಚ್ಚರ ವಹಿಸಿ.

ಅಂಕಿಗಳಿಂದ ಮೋಸಹೋಗದಿರಲು

ಒಂದು ದಿನದ ಅಂಕಿಗೆ ಹೆದರಬೇಡಿ, ಹಿಗ್ಗಲೂ ಬೇಡಿ. ಏಳು ದಿನದ ಸರಾಸರಿ ತೆಗೆಯಿರಿ. ಬೆಳಗಿನ ಹಾಲನ್ನು ಬೆಳಗಿನದರ ಜೊತೆ, ಸಂಜೆಯದನ್ನು ಸಂಜೆಯದರ ಜೊತೆ ಹೋಲಿಸಿ. ರಾತ್ರಿಯ ಅಂತರ ಹೆಚ್ಚಾಗಿದ್ದರೆ ಬೆಳಿಗ್ಗೆ ಹಾಲು ಹೆಚ್ಚು, ಜಿಡ್ಡು ಕಡಿಮೆ ಬರುವುದು ಸಹಜ.

ಬೇಸಿಗೆಯಲ್ಲಿ ಹಾಲು ಇಳಿದಾಗ ಸಂಘದ ಒಟ್ಟು ಶೇಖರಣೆ ಎಷ್ಟು ಇಳಿದಿದೆ ಎಂದು ಕಾರ್ಯದರ್ಶಿಗಳನ್ನು ಕೇಳಿ. ಊರಿನದೆಲ್ಲ ಇಳಿದಿದ್ದರೆ ಅದು ಬಿಸಿಲಿನ ಪ್ರಭಾವ. ನೆರಳು, ನೀರು ಹೆಚ್ಚಿಸಿ. ನಿಮ್ಮದು ಮಾತ್ರ ಇಳಿದಿದ್ದರೆ ಕಾರಣ ನಿಮ್ಮ ಕೊಟ್ಟಿಗೆಯಲ್ಲೇ ಇದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪಶು ಆಹಾರದ ಚೀಲ, ಮೇವು, ಕರೆಯುವ ಸಮಯ ಮೂರನ್ನೂ ಒಂದೇ ವಾರ ಬದಲಾಯಿಸಿದರೆ ಯಾವುದರಿಂದ ಹಾಲು ಏರಿತು ಎಂದು ಬ್ರಹ್ಮನಿಗೂ ತಿಳಿಯದು. ಬದಲಾಯಿಸಿದ ದಿನವನ್ನು ಬರೆದಿಟ್ಟು ಎರಡು ವಾರ ಕಾದು ನೋಡಿ.

ತಿಂಗಳಿಗೆ ಅರ್ಧ ಗಂಟೆ

ಬಟವಾಡೆಯ ದಿನ ಸಂಜೆ ಮನೆಯವರೆಲ್ಲ ಕುಳಿತು ಪುಸ್ತಕ ತೆರೆಯಿರಿ. ಮೂರೇ ಪ್ರಶ್ನೆ ಕೇಳಿಕೊಳ್ಳಿ. ಒಂದು, ಕರು ಹಾಕಿ 60 ದಿನ ದಾಟಿಯೂ ಬೆದೆ ಕಾಣದ ಹಸು ಯಾವುದು? ಎರಡು, ಇಂಜೆಕ್ಷನ್ ಕೊಡಿಸಿ ಮೂರು ತಿಂಗಳಾದರೂ ಗಬ್ಬ ಪರೀಕ್ಷೆ ಮಾಡಿಸದ ಹಸು ಯಾವುದು? ಮೂರು, ಕಳೆದ ತಿಂಗಳಿಗಿಂತ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಹಾಲು ಇಳಿಸಿದ ಹಸು ಯಾವುದು? ಉತ್ತರವಾಗಿ ಬಂದ ಹಸುವಿನ ಹೆಸರಿನ ಮುಂದೆ ಏನು ಮಾಡಬೇಕು, ಯಾವ ದಿನದೊಳಗೆ ಎಂದು ಬರೆಯಿರಿ. ಬರೆದದ್ದನ್ನು ಮಾಡದಿದ್ದರೆ ಪುಸ್ತಕ ಇಟ್ಟೂ ಪ್ರಯೋಜನವಿಲ್ಲ.

ಕೃತಕ ಗರ್ಭಧಾರಣೆ ಕಾರ್ಯಕರ್ತರು ಅಥವಾ ವೈದ್ಯರು ನಿಮ್ಮ ಮನೆಗೆ ಬಂದಾಗ ಹಸುವಿನ ಜೊತೆ ಪುಸ್ತಕವನ್ನೂ ಮುಂದಿಡಿ. ಬಾಯಿಲ್ಲದ ಪ್ರಾಣಿಯ ಪರವಾಗಿ ಮಾತನಾಡುವುದು ಆ ಪುಟವೇ. ಈ ತಿಂಗಳ ಬಟವಾಡೆಯ ಹಣದಲ್ಲಿ ಮೊದಲು ಒಂದು ನೋಟ್ ಪುಸ್ತಕ ಕೊಳ್ಳಿ. ಮೊದಲ ಸಾಲಿನಲ್ಲಿ ನಿಮ್ಮ ಹಸುವಿನ ಹೆಸರು, ಎರಡನೆಯ ಸಾಲಿನಲ್ಲಿ ಅದು ಕರು ಹಾಕಿದ ದಿನಾಂಕ ಬರೆಯಿರಿ. ದಿನಾಂಕ ನೆನಪಿಲ್ಲದಿದ್ದರೆ ಸಂಘದ ಹಳೆಯ ಚೀಟಿಗಳಲ್ಲಿ ಹಾಲು ಏಕಾಏಕಿ ಏರಿದ ವಾರವನ್ನು ಹುಡುಕಿ. ಅಲ್ಲಿಂದಲೇ ನಿಮ್ಮ ಪಾಠ ಆರಂಭವಾಗಲಿ.